ಮಗು ‘ನಿಲ್ಲಿಸಿ’ ಅನ್ನಬೇಕಾದ ಜಾಗ

ಫೋರಂ ನಾಟಕದ ನಿಯಮ ಸರಳ. ಅನ್ಯಾಯದ ಒಂದು ಸನ್ನಿವೇಶವನ್ನು ಮೊದಲು ಪೂರ್ತಿ ಆಡಿ ತೋರಿಸುವುದು. ಎರಡನೇ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಕೂಗಿ, ಅನ್ಯಾಯಕ್ಕೊಳಗಾದ ಪಾತ್ರದ ಜಾಗದಲ್ಲಿ ತಾವೇ ನಿಂತು ಬೇರೆ ದಾರಿ ಹುಡುಕಬಹುದು. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ ಈ ವಿಧಾನ ಹುಟ್ಟಿದ್ದು ದೊಡ್ಡವರಿಗಾಗಿ. ಅದನ್ನು ಇದ್ದ ಹಾಗೇ ಮಕ್ಕಳ ಮುಂದೆ, ಅದರಲ್ಲೂ ಮನೆಯೊಳಗಿನ ಹಿಂಸೆಯ ಕಥೆಗೆ ತಂದರೆ ಎಡವಟ್ಟಾಗುತ್ತದೆ. ಹತ್ತು ವರ್ಷದ ಹುಡುಗನೊಬ್ಬ ಎದ್ದು ಬಂದು ಅಪ್ಪ ಅಮ್ಮನ ನಡುವೆ ಕೈ ಚಾಚಿ ನಿಂತು ‘ಹೊಡೀಬೇಡ’ ಅನ್ನುತ್ತಾನೆ. ಅಪ್ಪನ ಪಾತ್ರಧಾರಿ ತಲೆ ತಗ್ಗಿಸುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಡುವೆ ಹೋಗಿ ನಿಂತರೆ ಜಗಳ ನಿಲ್ಲುತ್ತದೆ ಎಂಬುದನ್ನು ಅವನು ಅವತ್ತು ಕಲಿತ. ರಾತ್ರಿ ಮನೆಯಲ್ಲಿ ಅದನ್ನೇ ಮಾಡಿದರೆ ಏಟು ಬೀಳುವುದು ಅವನಿಗೆ.

ಆದ್ದರಿಂದ ಮನೆಯ ಹಿಂಸೆ, ಗೆಳೆತನಗಳ ಬಗ್ಗೆ ನಾಟಕದ ಮೂಲಕ ಮಕ್ಕಳಿಗೆ ಕಲಿಸುವ ನಮ್ಮ ಕೆಲಸದ ಮೊದಲ ನಿಯಮ: ಹೊಡೆತದ ದೃಶ್ಯಕ್ಕೆ ಫೋರಂ ಇಲ್ಲ. ಮಕ್ಕಳು ‘ನಿಲ್ಲಿಸಿ’ ಅನ್ನಬಹುದಾದದ್ದು ಎರಡೇ ಕಡೆ. ಒಂದು, ಗೆಳೆತನದ ದೃಶ್ಯಗಳಲ್ಲಿ. ಎರಡು, ಆಗಿದ್ದನ್ನು ಮಗು ಒಬ್ಬ ದೊಡ್ಡವರಿಗೆ ಹೇಳಲು ಹೋಗುವ ದೃಶ್ಯದಲ್ಲಿ. ಮಗುವಿನ ಕೈಗೆ ನಿಜವಾಗಿ ಎಟುಕುವುದು ಇವೆರಡೇ. ಹಿಂಸೆಯ ದೃಶ್ಯದ ಕೊನೆಗೆ ಸೂತ್ರಧಾರ ಮುಂದೆ ಬಂದು ನೇರವಾಗಿ ಹೇಳಬೇಕು: ‘ಇದನ್ನು ನಿಲ್ಲಿಸೋದು ಮಕ್ಕಳ ಕೆಲಸ ಅಲ್ಲ. ಇದು ಆಗಿದ್ದು ಮಗುವಿನ ತಪ್ಪಿನಿಂದ ಅಲ್ಲ. ಜಗಳ ಶುರುವಾದರೆ ನಡುವೆ ಹೋಗಬೇಡಿ, ದೂರ ಸರೀರಿ.’ ಈ ಮೂರು ಮಾತನ್ನು ನಾಟಕದ ಸಂಭಾಷಣೆಯಲ್ಲಿ ಸೇರಿಸಿ ಜಾಣತನ ಮಾಡಲು ಹೋಗಬೇಡಿ. ಸೂಚ್ಯವಾಗಿ ಹೇಳಿದ್ದು ಎಂಟು ವರ್ಷದ ಮಗುವಿಗೆ ತಲುಪುವುದಿಲ್ಲ.

ಎಂಟರಿಂದ ಹನ್ನೆರಡು ವರ್ಷದವರಿಗೆ ಈ ಅಳತೆ ಹೊಂದುತ್ತದೆ: 18ರಿಂದ 24 ಮಕ್ಕಳು, 90 ನಿಮಿಷ. ಅದರಲ್ಲಿ ಆಟಗಳಿಗೆ 10, ನಾಟಕಕ್ಕೆ 20, ಫೋರಂಗೆ 40, ಪಾತ್ರದಿಂದ ಹೊರಬರಲು 20. ಸಮಯ ಸಾಲದಿದ್ದರೆ ಎಲ್ಲರೂ ಮೊದಲು ಕತ್ತರಿ ಹಾಕುವುದು ಈ ಕೊನೆಯ 20ಕ್ಕೆ. ಕತ್ತರಿಸಬೇಕಾದದ್ದು ನಾಟಕವನ್ನು. ನಡೆಸಲು ಇಬ್ಬರು ಸಾಕು, ಆದರೆ ಮೂರನೆಯವರೊಬ್ಬರು ಬೇಕೇ ಬೇಕು. ಅವರು ನಾಟಕ ನೋಡಬಾರದು, ಬಾಗಿಲ ಪಕ್ಕ ಕೂತು ಮಕ್ಕಳನ್ನು ನೋಡುತ್ತಿರಬೇಕು. ಕಿವಿ ಮುಚ್ಚಿಕೊಳ್ಳುವವರು, ಪದೇ ಪದೇ ಶೌಚಾಲಯಕ್ಕೆ ಹೋಗುವವರು, ಅತಿಯಾಗಿ ನಗುವವರು, ಒಮ್ಮೆಗೇ ಮಂಕಾಗುವವರು ಅವರ ಕಣ್ಣಿಗೆ ಬೀಳಬೇಕು. ಕೇಳದೆಯೇ ಎದ್ದು ಹೋಗಿ ಕೂರಲು ಒಂದು ಮೂಲೆ ಇದೆ ಎಂದು ಶುರುವಿನಲ್ಲೇ ತೋರಿಸಿ, ಅಲ್ಲಿ ಬಣ್ಣದ ಪೆನ್ಸಿಲ್ಲು, ಕಾಗದ ಇಡಿ. ‘ಚಿತ್ರ ಬರೀಬೇಕು ಅನ್ನಿಸಿತು’ ಎಂಬ ನೆಪ ಇದ್ದರೆ ಎದ್ದು ಹೋಗುವುದಕ್ಕೆ ಮಗುವಿಗೆ ನಾಚಿಕೆಯಾಗುವುದಿಲ್ಲ.

ಹಿಂಸೆಯನ್ನು ತೋರಿಸುವ ಬಗೆ. ರಂಗದ ಮೇಲಿನ ಕೆನ್ನೆಯೇಟಿಗೆ ಮಕ್ಕಳು ನಗುತ್ತಾರೆ. ಅವರು ಕಠಿಣರೆಂದಲ್ಲ. ನಟ ಬೀಳುವುದು ತಮಾಷೆಯಾಗಿ ಕಾಣುತ್ತದೆ, ಹೆದರಿಕೆಯೂ ನಗುವಾಗಿಯೇ ಹೊರಬೀಳುತ್ತದೆ. ಅದೇ ಗುಂಪಿನಲ್ಲಿ ಮನೆಯಲ್ಲಿ ಇದನ್ನೇ ಕಂಡ ಮಗುವಿಗೆ ಆ ನಗು ಎರಡನೇ ಏಟು. ಹಾಗಾಗಿ ಏಟು ಕಾಣಿಸಲೇಬಾರದು. ರಂಗದ ಮೇಲೆ ಹೊದಿಕೆಯೊಳಗಿನ ಮಗು ಮಾತ್ರ ಇರಲಿ. ಒಳಗಿಂದ ಏರುದನಿ, ಏನೋ ಬಿದ್ದ ಸದ್ದು, ಆಮೇಲೆ ಐದಾರು ಕ್ಷಣ ಪೂರ್ತಿ ಮೌನ. ಮಗು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತದೆ. ಇಷ್ಟು ಸಾಕು. ಆ ಮಗುವಿನ ಪಾತ್ರಕ್ಕೂ ದೊಡ್ಡವರೇ ಇರಲಿ, ಇಲ್ಲವೇ ಬೊಂಬೆ ಬಳಸಿ.

ಹೊಡೆಯುವವನನ್ನು ರಾಕ್ಷಸನ ಹಾಗೆ ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಕೆಂಪು ಕಣ್ಣು, ದಪ್ಪ ದನಿ, ಕೈಯಲ್ಲಿ ಬಾಟಲಿ. ‘ನಮ್ಮಪ್ಪ ಹೀಗಿಲ್ಲ, ಹಾಗಾದರೆ ನಮ್ಮ ಮನೇಲಿ ಆಗೋದು ಇದಲ್ಲ’ ಎಂದು ಮಗು ಲೆಕ್ಕ ಹಾಕುತ್ತದೆ. ಕುಡಿತ ಹಿಂಸೆಯನ್ನು ಹೆಚ್ಚಿಸುವುದುಂಟು, ಆದರೆ ಕುಡಿಯದವರೂ ಹೊಡೆಯುತ್ತಾರೆ, ಹೆದರಿಸುತ್ತಾರೆ. ಆ ಪಾತ್ರ ಒಂದು ದೃಶ್ಯದಲ್ಲಾದರೂ ಮಗುವಿನ ಜೊತೆ ನಗುನಗುತ್ತಾ ಆಡಬೇಕು. ಪ್ರೀತಿಯೂ ಹೆದರಿಕೆಯೂ ಒಬ್ಬರ ಮೇಲೆಯೇ ಇರಬಹುದು ಎಂಬುದು ಮಗುವಿಗೆ ಗೊತ್ತಿರುವ ವಿಷಯವೇ, ಅದನ್ನು ಬಾಯಿಬಿಟ್ಟು ಹೇಳಿದವರು ಇರುವುದಿಲ್ಲ ಅಷ್ಟೆ.

ಇನ್ನು ಗೆಳೆತನದ ದೃಶ್ಯಗಳು. ಪಾಠದ ಮುಕ್ಕಾಲು ಪಾಲು ಇಲ್ಲೇ ಇದೆ. ಇಬ್ಬರು ಗೆಳತಿಯರು ಎಂದಿಟ್ಟುಕೊಳ್ಳಿ. ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಾಳೆ: ಬೇರೆ ಯಾರ ಜೊತೆಯೂ ಆಡಬೇಡ. ಫೋನಿನ ಪಾಸ್‌ವರ್ಡ್ ಕೊಡು, ಕೊಡದಿದ್ದರೆ ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ. ಒಂದು ದಿನ ಎಲ್ಲರೆದುರು ಅವಳ ಪುಸ್ತಕ ಎಸೆಯುತ್ತಾಳೆ. ಮರುದಿನ ಅಳುತ್ತಾ ಬಂದು ಉಡುಗೊರೆ ಕೊಟ್ಟು ಕ್ಷಮೆ ಕೇಳುತ್ತಾಳೆ. ಈ ಕ್ಷಮೆಗೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸೂತ್ರಧಾರ ದೃಶ್ಯವನ್ನು ನಿಲ್ಲಿಸಬೇಕಾದದ್ದು ಸರಿಯಾಗಿ ಆ ಚಪ್ಪಾಳೆಯ ಮೇಲೆ. ‘ಇವಳೀಗ ಬೇರೆ ಗೆಳತಿಯ ಜೊತೆ ಆಡಬಹುದಾ?’ ಎಂದು ಮಾತ್ರ ಕೇಳಿ. ಉತ್ತರ ಗೊತ್ತಾಗದಿದ್ದರೆ ಮುಂದಿನ ದೃಶ್ಯ ಆಡಿ: ಅದೇ ಅಪ್ಪಣೆಗಳು ಮತ್ತೆ ಶುರು. ಬಾಯಲ್ಲಿ ಕ್ಷಮೆ ಕೇಳಿದ್ದಕ್ಕೂ ನಡತೆ ಬದಲಾದದ್ದಕ್ಕೂ ಇರುವ ಅಂತರ ಮಕ್ಕಳಿಗೆ ತಾವಾಗಿಯೇ ಕಾಣುತ್ತದೆ, ವಿವರಿಸಬೇಕಿಲ್ಲ.

ಜಗಳವೆಲ್ಲ ಹಿಂಸೆ ಎಂದೂ ಮಕ್ಕಳು ತಿಳಿದು ಹೋಗಬಾರದು. ಅದಕ್ಕೊಂದು ಜೋಡಿ ದೃಶ್ಯ ಇರಲಿ: ಇಬ್ಬರೂ ಕೂಗಾಡುತ್ತಾರೆ, ಆದರೆ ಇಬ್ಬರೂ ತಮಗನ್ನಿಸಿದ್ದನ್ನು ಹೇಳುತ್ತಾರೆ, ಯಾರೂ ಹೆದರಿ ಸುಮ್ಮನಾಗುವುದಿಲ್ಲ. ಇದನ್ನೂ ಮೇಲಿನ ಗೆಳತಿಯರ ದೃಶ್ಯವನ್ನೂ ಸ್ತಬ್ಧಚಿತ್ರವಾಗಿ ಅಕ್ಕಪಕ್ಕ ನಿಲ್ಲಿಸಿ, ಹೆದರಿದವರು ಯಾರೆಂದು ಮಕ್ಕಳೇ ಬೆರಳು ಮಾಡಿ ತೋರಿಸಲಿ.

ಹೇಳಿಕೊಳ್ಳುವ ದೃಶ್ಯದಲ್ಲಿ ಮೊದಲ ದೊಡ್ಡವರು ಕೆಲಸದಲ್ಲಿ ಮುಳುಗಿರಬೇಕು, ಮಗುವಿನ ಮಾತನ್ನು ಅರ್ಧಕ್ಕೇ ತಳ್ಳಿಹಾಕಬೇಕು. ಮೊದಲ ಸಲಕ್ಕೇ ಕೇಳಿಸಿಕೊಳ್ಳುವ ದೊಡ್ಡವರನ್ನು ತೋರಿಸಿದರೆ, ನಿಜದಲ್ಲಿ ಒಬ್ಬರು ಕಿವಿಗೊಡದಿದ್ದಾಗ ಮಗು ಅಲ್ಲಿಗೇ ಕೈಬಿಡುತ್ತದೆ. ಎರಡನೆಯವರು, ಮೂರನೆಯವರು ಎಂದು ಹೋಗುವುದನ್ನೇ ತಾಲೀಮು ಮಾಡಿಸಿ. ವಾಕ್ಯ ಚಿಕ್ಕದಿರಲಿ: ‘ಮನೇಲಿ ನನಗೆ ಹೆದರಿಕೆ ಆಗುತ್ತೆ, ಸಹಾಯ ಬೇಕು.’ ತುರ್ತು ಸಂಖ್ಯೆಗೆ ಕರೆ ಮಾಡಿ ತಾನೆಲ್ಲಿದ್ದೇನೆಂದು ಹೇಳುವುದನ್ನೂ ಆಡಿಸಿ. ಇದನ್ನು ನಾಟಕದ ಕಾಲ್ಪನಿಕ ವಿಳಾಸದಲ್ಲೇ ಮಾಡಿ, ತಮ್ಮ ವಿಳಾಸವನ್ನು ಮಕ್ಕಳು ಎಲ್ಲರೆದುರು ಕೂಗುವುದು ಬೇಡ.

ಫೋರಂ ನಡುವೆ ಯಾರಾದರೂ ‘ನಮ್ಮನೇಲೂ ಹೀಗೇ’ ಎಂದೇ ಅನ್ನುತ್ತಾರೆ. ದಿಗಿಲಾಗಬೇಡಿ, ಕೆದಕಲೂ ಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ಇದು ಮುಖ್ಯವಾದ ಮಾತು, ಇದು ಮುಗಿದ ತಕ್ಷಣ ನಾವಿಬ್ಬರೂ ಮಾತಾಡೋಣ’ ಎಂದು ಹೇಳಿ ಆಟ ಮುಂದುವರಿಸಿ. ಆಮೇಲೆ ಮಾತಾಡುವಾಗ ‘ಅಪ್ಪ ಹೊಡೆದರಾ?’ ಎಂದು ಉತ್ತರವನ್ನು ಬಾಯಿಗಿಡುವ ಪ್ರಶ್ನೆ ಬೇಡ, ‘ಯಾಕೆ’ ಎಂಬುದೂ ಬೇಡ. ಯಾರಿಗೂ ಹೇಳಲ್ಲ ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದು. ಮಗು ಆಡಿದ ಮಾತನ್ನು ಅದರ ಪದಗಳಲ್ಲೇ, ಸಮಯ ಸಮೇತ ಬರೆದು, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅದೇ ದಿನ ಒಪ್ಪಿಸಿ. ಆ ಹೊಣೆ ಯಾರದೆಂದು ಎರಡು ವಾರ ಮೊದಲೇ ಗೊತ್ತಿಲ್ಲದಿದ್ದರೆ ಪ್ರದರ್ಶನ ಮುಂದೂಡಿ. ನೀವೇ ಮನೆಗೆ ಫೋನ್ ಮಾಡಿ ವಿಚಾರಿಸುವುದಂತೂ ಬೇಡವೇ ಬೇಡ, ಮಗುವಿಗೆ ಅಪಾಯ ಹೆಚ್ಚುತ್ತದೆ.

ಪಾತ್ರದಿಂದ ಹೊರಬರುವುದಕ್ಕೆ ಒಂದು ವಸ್ತು ಇದ್ದರೆ ಸುಲಭ. ರಂಗಕ್ಕೆ ಬಂದ ಪ್ರತಿ ಮಗುವಿಗೂ ಪಾತ್ರದ ಟೋಪಿಯನ್ನೋ ಶಾಲನ್ನೋ ತೊಡಿಸಿ. ಮುಗಿದ ಮೇಲೆ ಅದನ್ನು ಕುರ್ಚಿಯ ಮೇಲಿಟ್ಟು, ತನ್ನ ನಿಜವಾದ ಹೆಸರು ಹೇಳಿ ಎರಡು ಹೆಜ್ಜೆ ಹಿಂದೆ ಬರಲಿ. ಪಾತ್ರಗಳಿಗೆ ಇಡುವ ಹೆಸರು ಆ ತರಗತಿಯ ಯಾರದ್ದೂ ಆಗಿರದಂತೆ ಹಾಜರಿ ಪುಸ್ತಕ ನೋಡಿಕೊಳ್ಳಿ. ತಪ್ಪಿದರೆ ಆ ಮಗುವನ್ನು ತಿಂಗಳುಗಟ್ಟಲೆ ರೇಗಿಸುತ್ತಾರೆ.

ಒಂದೇ ಪ್ರದರ್ಶನ ಕೊಟ್ಟು ಹೊರಟುಬಿಟ್ಟರೆ ಕಲಿತದ್ದು ಬೇಗ ಮಾಸುತ್ತದೆ. ವಾರಕ್ಕೊಂದರಂತೆ ನಾಲ್ಕೈದು ತರಗತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರರು ಮಕ್ಕಳ ಮೇಲಿನ ಹಿಂಸೆ ತಡೆಯಲು 2016ರಲ್ಲಿ ಹೊರತಂದ ‘ಇನ್‌ಸ್ಪೈರ್’ ಎಂಬ ಏಳು ಕಾರ್ಯತಂತ್ರಗಳಲ್ಲಿ ಶಿಕ್ಷಣ ಮತ್ತು ಜೀವನ ಕೌಶಲ ಒಂದು ಮಾತ್ರ. ನಾಟಕ ಅದರ ಒಂದು ತುಣುಕು.

ಕೊನೆಯ ತರಗತಿಯಲ್ಲಿ ಮಕ್ಕಳು ತಮ್ಮ ಅಂಗೈಯ ಚಿತ್ರ ಬಿಡಿಸಿ, ಬೆರಳಿಗೊಬ್ಬರಂತೆ ತಾವು ನಂಬುವ ದೊಡ್ಡವರ ಹೆಸರು ಬರೆಯುತ್ತಾರೆ. ಅದರಲ್ಲಿ ಇಬ್ಬರಾದರೂ ಮನೆಯ ಹೊರಗಿನವರಾಗಿರಬೇಕು. ಬೆರಳು ಖಾಲಿ ಬಿಟ್ಟ ಮಗುವಿನ ಜೊತೆ ಕೂತು ಹುಡುಕಿಕೊಡಿ. ಈ ಹಾಳೆ ಮನೆಗೆ ಹೋಗಬಾರದು. ಚೀಲದಲ್ಲಿ ಸಿಕ್ಕರೆ ‘ಇವರಿಗೆ ಏನು ಹೇಳೋಕೆ ಹೊರಟಿದ್ದೆ?’ ಎಂಬ ವಿಚಾರಣೆ ಶುರುವಾಗುತ್ತದೆ. ಮಕ್ಕಳು ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡ ಮೇಲೆ ಹಾಳೆಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ.