ಬೇಸ್ ಗಿಟಾರಿನ ಮಳೆಗಾಲ: ತಂತಿ, ಆಂಪ್, ಒಂದು ಗುಂಯ್ ಸದ್ದು

ಜೂನ್ 14

ಹೋದ ವಾರ ಬೆಳಿಗ್ಗೆ ನಮ್ಮ ಆರ್ಕೆಸ್ಟ್ರಾದ ಮಾಸ್ಟ್ರು ಫೋನ್ ಮಾಡಿದರು. "ಗಣಪತಿಗೆ ಒಂದು ರಸಮಂಜರಿ ಒಪ್ಪಿಕೊಂಡಿದೀನಿ. ಈ ಸಲ ಕೀಬೋರ್ಡಲ್ಲಿ ಎಡಗೈ ಬೇಸ್ ಬೇಡ ಮಾರಾಯ, ಹಳೇ ಹಾಡು ಜಾಸ್ತಿ ಇದೆ. ನೀನೇ ಬಾ" ಅಂದರು. ಆಯ್ತು ಮಾಸ್ಟ್ರೇ ಅಂದುಬಿಟ್ಟೆ. ಆಮೇಲೆ ಗಿಟಾರಿನ ಬ್ಯಾಗ್ ತೆಗೆದು ನೋಡಿದೆ.

ಎಂಟು ತಿಂಗಳಿಂದ ಮುಟ್ಟಿರಲಿಲ್ಲ. ಶಿವಮೊಗ್ಗದ ಮಳೆಗಾಲ ಶುರುವಾಗಿ ಎರಡು ವಾರ ಆಗಿತ್ತು. ಬ್ಯಾಗಿನ ಒಳಗೆ ಬೂಷ್ಟು ವಾಸನೆ. ತಂತಿಗಳ ಮೇಲೆ ಕಂದು ಚುಕ್ಕಿ. ಬೆರಳು ಓಡಿಸಿದರೆ ಉಪ್ಪುಕಾಗದ ಸವರಿದ ಹಾಗೆ.

ಗಿಟಾರು ಜಾಝ್ ಬೇಸಿನ ನಕಲು. ಅಸಲಿ ಜಾಝ್ ಬೇಸನ್ನು ಫೆಂಡರ್ ಕಂಪನಿ 1960ರಲ್ಲಿ ತಂದಿತು. ಎರಡು ಪಿಕಪ್ (ತಂತಿಯ ಕಂಪನ ಹಿಡಿಯೋ ಕಾಂತದ ಸುರುಳಿ), ನಟ್ಟಿನ (ತಲೆಯ ಕಡೆ ತಂತಿ ಕೂರೋ ಪಟ್ಟಿ) ಹತ್ತಿರ ಒಂದೂವರೆ ಇಂಚು ಅಗಲದ ತೆಳು ನೆಕ್, 34 ಇಂಚಿನ ಸ್ಕೇಲ್, ಅಂದ್ರೆ ತಂತಿ ಕಂಪಿಸೋ ಉದ್ದ. ನನ್ನದಕ್ಕೂ ಅಳತೆ ಅದೇ, ಹೆಸರು ಮಾತ್ರ ಬೇರೆ. ಹನ್ನೆರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು.

ಹೊಸ ತಂತಿಗೆ ದುಡ್ಡು ಹಾಕೋ ಮೊದಲು ಹಳೇ ಉಪಾಯ ಮಾಡಿ ನೋಡೋಣ ಅಂತ ನಾಲ್ಕೂ ತಂತಿ ಬಿಚ್ಚಿ ಸುರುಳಿ ಸುತ್ತಿ ಕುದಿಯೋ ನೀರಿಗೆ ಹಾಕಿದೆ. ಸುತ್ತುಗಳ ಸಂದಿಯಲ್ಲಿ ಕೈಯ ಜಿಡ್ಡು, ಚರ್ಮದ ಪುಡಿ ಕೂತು ತಂತಿಯ ದನಿ ಸಾಯುತ್ತೆ. ಕುದಿಸಿದರೆ ಅದು ಬಿಡುತ್ತೆ. ಅಮ್ಮ ಬಂದು ಪಾತ್ರೆಯಲ್ಲಿ ಇಣುಕಿದರು.

"ಏನೋ ಅದು, ಶಾವಿಗೆನಾ?"

"ಗಿಟಾರ್ ತಂತಿ ಅಮ್ಮ."

"ಆ ಪಾತ್ರೆ ಇನ್ನು ಒಳಗೆ ತರಬೇಡ."

ನೀರು ಚಹಾ ಬಣ್ಣಕ್ಕೆ ತಿರುಗಿತ್ತು. ಒರೆಸಿ, ಒಣಗಿಸಿ, ಮತ್ತೆ ಹಾಕಿದೆ. ದನಿ ಬಂತು, ಸುಳ್ಳು ಹೇಳಬಾರದು. ನಾಲ್ಕು ದಿನ ಇತ್ತು. ಐದನೇ ದಿನ ಮತ್ತೆ ಅದೇ ಮಂಕು, ಜೊತೆಗೆ ತುಕ್ಕು ಇನ್ನಷ್ಟು. ಪಾತ್ರೆ ಈಗ ನನ್ನ ಕೋಣೆಯಲ್ಲಿದೆ, ಸ್ಕ್ರೂ ಹಾಕಿಡೋಕೆ.

ಜೂನ್ 22

ತಂತಿಗಿಂತ ದೊಡ್ಡ ತಲೆನೋವು ಗುಂಯ್ ಅನ್ನೋ ಸದ್ದು. ಆಂಪ್ (ಆಂಪ್ಲಿಫೈಯರ್) ಹಾಕಿದ ಕೂಡಲೇ ಶುರು.

ಇದರಲ್ಲಿ ಒಂದು ತಮಾಷೆ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಬೇಸಿನ ದಪ್ಪ ತಂತಿ, ಅಂದ್ರೆ ಇ ತಂತಿ, ಬಿಟ್ಟು ಮೀಟಿದರೆ 41 ಹರ್ಟ್ಸ್ ಚಿಲ್ಲರೆ. ಅದರ ಮೂರನೇ ಫ್ರೆಟ್ಟಿನಲ್ಲಿ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಜಿ ಸ್ವರ, ಸರಿಯಾಗಿ 49. ಹಾಗಾಗಿ ನಾನು ಜಿ ಒತ್ತಿದಾಗೆಲ್ಲ ಕರೆಂಟು ಪಕ್ಕದಲ್ಲಿ ಕೂತು ಒಂದು ಹರ್ಟ್ಸ್ ಮೇಲೆ ಹಾಡುತ್ತೆ. ಸೆಕೆಂಡಿಗೆ ಒಂದು ಸಲ ವೋಂ... ವೋಂ... ಅಂತ ಅಲೆ ಏಳುತ್ತೆ, ಶ್ರುತಿ ಕೂಡದ ತಂಬೂರಿಯ ಹಾಗೆ. ಮಾಸ್ಟ್ರ ಪಟ್ಟಿಯಲ್ಲಿ ಜಿ ಮೇಜರಿನ, ಅಂದ್ರೆ ಜಿ ಆಧಾರ ಸ್ವರದ, ಹಾಡು ಐದಿವೆ!

ಜಾಝ್ ಬೇಸಿನ ಪಿಕಪ್ ಒಂದೊಂದೂ ಸಿಂಗಲ್ ಕಾಯಿಲ್, ಅಂದ್ರೆ ಒಂದೇ ಸುರುಳಿ. ಒಂದನ್ನೇ ತೆರೆದರೆ ಸ್ವಲ್ಪ ಗುಂಯ್ ಇದ್ದೇ ಇರುತ್ತೆ. ಎರಡರ ವಾಲ್ಯೂಮೂ ಪೂರ್ತಿ ಏರಿಸಿದರೆ ಒಂದರ ಗುಂಯ್ ಇನ್ನೊಂದನ್ನು ಹೊಡೆದು ಹಾಕಬೇಕು. ನನ್ನದರಲ್ಲಿ ಎರಡೂ ಏರಿಸಿದರೂ ಹೋಗಲಿಲ್ಲ. ತಂತಿ ಮುಟ್ಟಿದೆ, ಏನೂ ಬದಲಾಗಲಿಲ್ಲ. ಕೇಬಲ್ ಚುಚ್ಚೋ ಜಾಗದ (ಜ್ಯಾಕ್) ಲೋಹ ಮುಟ್ಟಿದೆ, ಸದ್ದು ಅರ್ಧಕ್ಕೆ ಇಳಿಯಿತು. ಅಲ್ಲಿಗೆ ಕಳ್ಳ ಸಿಕ್ಕ. ತಂತಿಗಳಿಗೆ ಗ್ರೌಂಡ್ (ಅರ್ಥಿಂಗ್) ಸಿಗುತ್ತಿಲ್ಲ.

ಮಲ್ಟಿಮೀಟರ್ ಬೀಪಿಗೆ ಇಟ್ಟು ಒಂದು ಮುಳ್ಳು ಬ್ರಿಜ್ಜಿಗೆ (ಬಾಡಿಯ ಮೇಲೆ ತಂತಿಗಳ ತುದಿ ಹಿಡಿಯೋ ಲೋಹದ ತುಂಡು), ಇನ್ನೊಂದು ಜ್ಯಾಕಿನ ಹೊರಕವಚಕ್ಕೆ ತಾಗಿಸಿದೆ. ಬೀಪ್ ಇಲ್ಲ. ಬ್ರಿಜ್ಜಿನ ಐದು ಸ್ಕ್ರೂ ಬಿಚ್ಚಿ ಎತ್ತಿದೆ. ಕೆಳಗೆ ಮರದಲ್ಲಿ ಒಂದು ಸಣ್ಣ ತೂತು, ಅದರಿಂದ ಇಣುಕುತ್ತಿದ್ದ ವೈರು ಹಸಿರುಗಟ್ಟಿ ಕಡ್ಡಿಯಂತೆ ಮುರಿದಿತ್ತು. ಮುಟ್ಟಿದರೆ ಪುಡಿ. ಹೊಸ ವೈರು ಎಳೆದು, ತುದಿಯ ಎಳೆಗಳನ್ನು ಬೀಸಣಿಗೆಯ ಹಾಗೆ ಹರಡಿ, ಮೇಲೆ ಬ್ರಿಜ್ ಕೂರಿಸಿ ಬಿಗಿದೆ. ಇನ್ನೊಂದು ತುದಿಯನ್ನು ವಾಲ್ಯೂಮ್ ಪಾಟಿನ (ನಾಬಿನ ಕೆಳಗಿನ ಭಾಗ) ಬೆನ್ನಿಗೆ ಬೆಸುಗೆ ಹಾಕಿದೆ. ಈ ಬೆಸುಗೆ ಸುಲಭ ಅಲ್ಲ. ಪಾಟಿನ ಬೆನ್ನು ಶಾಖ ಎಲ್ಲ ಎಳೆದುಕೊಳ್ಳುತ್ತೆ, ನನ್ನ 25 ವ್ಯಾಟಿನ ಐರನ್ನು ಸಾಕಾಗಲ್ಲ. ಟಿವಿ ರಿಪೇರಿ ಅಂಗಡಿಯಿಂದ 60 ವ್ಯಾಟಿಂದು ಒಂದು ಗಂಟೆಗೆ ಇಸ್ಕೊಂಡು ಬಂದೆ.

ಬೀಪ್. ಗುಂಯ್ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿಗೆ ಒಳಗೆ ತಾಮ್ರದ ಟೇಪ್ ಅಂಟಿಸಬೇಕು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತರೋಣ ಅಂತ ಬಿಟ್ಟೆ.

ಜುಲೈ 5

ತಂತಿ ಬಂತು. ಇದನ್ನು ಸ್ವಲ್ಪ ವಿವರವಾಗಿ ಬರೀತೀನಿ, ಯಾಕೆಂದ್ರೆ ಹನ್ನೆರಡು ವರ್ಷ ನುಡಿಸಿದ ಮೇಲೆ ಮೊದಲನೇ ಸಲ ಜಾತಿ ಬದಲಾಯಿಸಿದೆ.

ಇಷ್ಟು ದಿನ ಹಾಕುತ್ತಿದ್ದಿದ್ದು ರೌಂಡ್‌ವೌಂಡ್. ಒಳಗಿನ ಗಟ್ಟಿ ತಂತಿಯ ಮೇಲೆ ದುಂಡನೆಯ ಸಣ್ಣ ತಂತಿ ಸುತ್ತಿರುತ್ತಾರೆ. ಅದಕ್ಕೇ ಬೆರಳಿಗೆ ಗೀರು ಗೀರು ಸಿಗುತ್ತೆ, ದನಿಯಲ್ಲಿ ಪಿಯಾನೋದ ಹೊಳಪು. ಈಗ ತರಿಸಿದ್ದು ಫ್ಲಾಟ್‌ವೌಂಡ್. ಇದರಲ್ಲಿ ಸುತ್ತೋದು ಚಪ್ಪಟೆ ಪಟ್ಟಿ. ಕೈಗೆ ನುಣ್ಣಗೆ, ಸ್ಟೀಲ್ ಲೋಟದ ಅಂಚು ಸವರಿದ ಹಾಗೆ. ನಾನು ತಗೊಂಡಿದ್ದು ಡಿ'ಅಡ್ಡಾರಿಯೋ ಕ್ರೋಮ್ಸ್, 45ರಿಂದ 100ರ ಸೆಟ್. ಈ ಅಂಕಿ ಇಂಚಿನ ಸಾವಿರದ ಲೆಕ್ಕ. ತೆಳು ತಂತಿ 0.045 ಇಂಚು, ದಪ್ಪದ್ದು 0.100. ಮನೆಗೆ ಬರೋ ಹೊತ್ತಿಗೆ 4,200 ರೂಪಾಯಿ ಆಯ್ತು. ಮನೆಯಲ್ಲಿ 1,200 ಅಂತ ಹೇಳಿದ್ದೀನಿ.

ಮೊದಲು ಬಂದದ್ದು ಫ್ಲಾಟ್ಸೇ. 1951ರಲ್ಲಿ ಫೆಂಡರ್‌ನ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಂದಾಗ ಅದರ ಮೇಲೆ ಇದ್ದದ್ದು ಅದೇ. ರೌಂಡ್‌ವೌಂಡ್ ಜೋರು ಹಿಡಿದದ್ದು ಅರವತ್ತರ ದಶಕದಲ್ಲಿ, ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ ಮತ್ತು ದಿ ಹೂ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಸೇರಿಕೊಂಡ ಮೇಲೆ. ಇನ್ನೊಂದು ಕಡೆ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್. ಅವನದು 1962ರ ಪ್ರಿಸಿಷನ್, ಲಾ ಬೆಲ್ಲಾ ಕಂಪನಿಯ ಫ್ಲಾಟ್ಸ್, ಮೀಟೋದು ಬಲಗೈಯ ಒಂದೇ ತೋರುಬೆರಳಲ್ಲಿ. ತಂತಿ ಬದಲಾಯಿಸೋದು ಅವನಿಗೆ ಆಗಿಬರುತ್ತಿರಲಿಲ್ಲ. ಹಳೆಯದಾದಷ್ಟೂ ದನಿ ಪಕ್ವ ಅನ್ನೋ ಪೈಕಿ. ನಾನು ಕುದಿಸುತ್ತಾ ಕೂತಿದ್ದೆ, ಅಲ್ವಾ!

ನನಗೆ ಬೇಕಿದ್ದದ್ದು ರಾಜನ್-ನಾಗೇಂದ್ರ ಕಾಲದ ಹಾಡುಗಳ ಬೇಸ್. ಎಂಬತ್ತರ ದಶಕದಲ್ಲಿ ಇಳಯರಾಜ ಕನ್ನಡಕ್ಕೆ ಕೊಟ್ಟ ಹಾಡುಗಳಲ್ಲಿ ಬೇಸ್ ಗಿಟಾರು ಹಾಡಿನ ಪಕ್ಕದಲ್ಲೇ ಇನ್ನೊಂದು ಹಾಡು ಹಾಡಿಕೊಂಡು ಹೋಗುತ್ತೆ. ಆ ಸ್ವರ ದಪ್ಪಗೆ ಶುರುವಾಗಿ ಬೇಗ ಮುಗಿಯುತ್ತೆ. ಉದ್ದಕ್ಕೆ ಝೇಂಕರಿಸಿದರೆ ತಬಲಾದ ಮೇಲೆ ಬಿದ್ದುಬಿಡುತ್ತೆ. ರೌಂಡ್‌ವೌಂಡಿನಲ್ಲಿ ಎಷ್ಟು ಟೋನ್ ನಾಬ್ ಇಳಿಸಿದರೂ ಅದು ಬರುತ್ತಿರಲಿಲ್ಲ.

ಫ್ಲಾಟ್ಸ್ ಹಾಕಿ ಮೊದಲ ಸ್ವರ ಮೀಟಿದೆ. ಧುಮ್. ಮೃದಂಗದ ಎಡಬದಿಗೆ ರವೆ ಹಚ್ಚಿದ ಮೇಲೆ ಬರೋ ದನಿ ಕೇಳಿದ್ದೀರಲ್ಲ, ಹಾಗೆ. ಆಮೇಲೆ ಬ್ರಿಜ್ಜಿನ ಹತ್ತಿರ ತಂತಿಗಳ ಅಡಿಗೆ ಒಂದು ತುಂಡು ಸ್ಪಂಜು ತುರುಕಿದೆ. ಹಳೇ ಫೆಂಡರ್‌ಗಳಲ್ಲಿ ಬ್ರಿಜ್ ಮುಚ್ಚಳದ ಒಳಗೆ ಕಂಪನಿಯೇ ಹೀಗೆ ಫೋಮ್ ಇಟ್ಟು ಕಳಿಸುತ್ತಿತ್ತು. ನನ್ನದು ಪಾತ್ರೆ ತೊಳೆಯೋ ಸ್ಪಂಜು, ಹಳದಿ ಭಾಗ ಮಾತ್ರ. ಹಸಿರು ಭಾಗ ಗಟ್ಟಿ, ತಂತಿಯ ಉಸಿರು ಕಟ್ಟಿಸುತ್ತೆ.

ಒಂದು ಎಡವಟ್ಟನ್ನೂ ಬರೆದಿಡಬೇಕು. ಬೇಸಿನ ತಂತಿಯನ್ನು ಕತ್ತರಿಸೋ ಮೊದಲು ಕತ್ತರಿಸೋ ಜಾಗದ ಹಿಂದೆ ಚೂಪಾಗಿ ಬಾಗಿಸಬೇಕು, ಇಲ್ಲದಿದ್ದರೆ ಮೇಲಿನ ಸುತ್ತು ಸಡಿಲ ಆಗುತ್ತೆ. ಅದನ್ನು ನೆನಪಿಟ್ಟುಕೊಂಡು ಮಾಡಿದೆ. ಆದರೆ ಅಳತೆ ಮರೆತೆ. ಶ್ರುತಿ ಮಾಡೋ ಕೀಲಿಯ ಗೂಟ ದಾಟಿ ನಾಲ್ಕೈದು ಇಂಚು ಬಿಡಬೇಕು. ಜಿ ತಂತಿಗೆ ಎರಡು ಇಂಚು ಬಿಟ್ಟು ಕಟ್ ಅನ್ನಿಸಿದೆ. ಈಗ ಗೂಟದ ಮೇಲೆ ಒಂದೇ ಸುತ್ತು. ನಿಂತಿದೆ, ಆದರೆ ತಂತಿ ನಟ್ಟಿನ ಮೇಲೆ ಗಟ್ಟಿಯಾಗಿ ಕೂರುತ್ತಿಲ್ಲ, ಬಿಟ್ಟು ಮೀಟಿದಾಗ ಸಣ್ಣಗೆ ಚಿರ್ ಅನ್ನುತ್ತೆ. 4,200 ರೂಪಾಯಿಯ ಸೆಟ್ಟಿನಲ್ಲಿ!

ಜುಲೈ 13

ನೆಕ್ ಬಾಗಿತು. ಬಾಗದೇ ಇದ್ದಿದ್ದರೆ ಆಶ್ಚರ್ಯ. ನಾಲ್ಕು ತಂತಿ ಸೇರಿ ಸುಮಾರು 80 ಕೆಜಿ ಎಳೆತ. ಒಬ್ಬ ಆಳು ಹಗಲೂ ರಾತ್ರಿ ನೇತಾಡಿದ ಹಾಗೆ. ಫ್ಲಾಟ್ಸ್ ಎಳೆತ ರೌಂಡ್‌ವೌಂಡಿಗಿಂತ ಜಾಸ್ತಿ, ಮೇಲೆ ಮಳೆಗಾಲದ ತೇವ ಕುಡಿದ ಮರ.

ಅಳೆಯೋದಕ್ಕೆ ನನ್ನ ಹತ್ತಿರ ಗೇಜ್ ಇಲ್ಲ, ವಿಸಿಟಿಂಗ್ ಕಾರ್ಡ್ ಇದೆ. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈ, ನೆಕ್ಕು ಬಾಡಿಗೆ ಸೇರೋ ಕಡೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿಯಬೇಕು. ಎಂಟನೇ ಫ್ರೆಟ್ಟಿನ ಮೇಲೆ ಒಂದು ಕಾರ್ಡು ನುಸುಳಿದರೆ ಸರಿ. ನನ್ನದರಲ್ಲಿ ಮೂರು ಕಾರ್ಡು ಆರಾಮಾಗಿ ಹೋದವು. ನೆಕ್ಕಿನೊಳಗಿನ ಉಕ್ಕಿನ ಸರಳು, ಅಂದ್ರೆ ಟ್ರಸ್ ರಾಡನ್ನು, ಆಲನ್ ಕೀಯಲ್ಲಿ ಕಾಲು ಸುತ್ತು ಬಿಗಿದೆ. ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಎರಡು ಕಾರ್ಡು. ಮತ್ತೆ ಕಾಲು ಸುತ್ತಿಗಿಂತ ಚೂರು ಕಮ್ಮಿ. ಒಂದೂಕಾಲು ಕಾರ್ಡಿಗೆ ನಿಲ್ಲಿಸಿದೆ. ಇದರಲ್ಲಿ ಅವಸರ ಮಾಡಿ ರಾಡ್ ಮುರಿದುಕೊಂಡವರ ಗೋಳು ಕೇಳಿದ್ದೀನಿ.

ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ಕಿಗೂ (ಒತ್ತದೆ ಬರೀ ಬೆರಳು ತಾಗಿಸಿ ಮೀಟಿದ ಸ್ವರ) ಒತ್ತಿದ ಸ್ವರಕ್ಕೂ ತಾಳೆ ನೋಡಿ ಸ್ಯಾಡಲ್‌ಗಳನ್ನು (ಬ್ರಿಜ್ಜಿನ ಮೇಲೆ ತಂತಿ ಕೂರೋ ತುಂಡು) ಹಿಂದೆ ಮುಂದೆ ಸರಿಸಿದೆ. ಅರ್ಧ ಗಂಟೆ ಕೆಲಸ.

ಜುಲೈ 27

ಜಿ ತಂತಿಯ ಐದನೇ ಫ್ರೆಟ್ಟಿನಲ್ಲಿ ಸಿ ಸ್ವರ ಹುಟ್ಟಿದ ಕೂಡಲೇ ಸಾಯುತ್ತೆ. ಇದು ಈ ಮಾದರಿಯ ಗಿಟಾರುಗಳ ಹಳೇ ಕಾಯಿಲೆ. ನೆಕ್ಕಿನ ಸ್ವಂತ ಕಂಪನ ಆ ಸ್ವರದ ಹತ್ತಿರ ಬಿದ್ದರೆ ತಂತಿಯ ಶಕ್ತಿಯನ್ನು ಮರ ನುಂಗಿಬಿಡುತ್ತೆ. ಗಿಟಾರಿನ ತಲೆಗೆ ತೂಕ ಹಾಕಿದರೆ ಜಾಗ ಬದಲಾಗುತ್ತೆ ಅಂತಾರೆ. ಪಕ್ಕದ ಬೀದಿಯ ಬಡಗಿ ಹತ್ತಿರ ಒಂದು ಸಿ-ಕ್ಲ್ಯಾಂಪ್ ಇಸ್ಕೊಂಡು, ಬನಿಯನ್ ಚೂರು ಸುತ್ತಿ ಕೀಲಿಗಳ ಪಕ್ಕ ಬಿಗಿದೆ. ನಿಜ! ಸಿ ಬದುಕಿತು. ಸಾವು ಒಂದು ಫ್ರೆಟ್ ಕೆಳಗೆ, ಬಿ ಸ್ವರಕ್ಕೆ ಹೋಯಿತು.

ನಮ್ಮ ಪಟ್ಟಿಯಲ್ಲಿ ಬಿ ಕಡಿಮೆ, ಸಿ ಜಾಸ್ತಿ. ಸದ್ಯಕ್ಕೆ ಕ್ಲ್ಯಾಂಪ್ ಇರಲಿ.

ಆಗಸ್ಟ್ 9

ನನ್ನ ಹಳೇ ಆಂಪು 30 ವ್ಯಾಟ್, ಹತ್ತು ಇಂಚಿನ ಒಂದು ಸ್ಪೀಕರ್. ಮನೆಗೆ ಸಾಕು. ಆಕ್ಟೋಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ಶುರುವಾದರೆ ಅದು ಇದೆ ಅಂತಲೇ ಗೊತ್ತಾಗಲ್ಲ.

ಬೆಂಗಳೂರಿನಲ್ಲಿ ಒಬ್ಬರು ಕ್ಲಾಸ್-ಡಿ ಹೆಡ್ (ಸ್ಪೀಕರ್ ಇಲ್ಲದ ಹಗುರ ಆಂಪ್) ಮಾರುತ್ತಿದ್ದರು. ಬೆಳಗಿನ ಜನಶತಾಬ್ದಿಯಲ್ಲಿ ಹೋಗಿ ತಂದೆ. ಎರಡು ಕೆಜಿ ಇರಬಹುದು, ಬೆನ್ನಿನ ಬ್ಯಾಗಿನಲ್ಲಿ ಊಟದ ಡಬ್ಬಿ ಪಕ್ಕ ಕೂತು ಬಂತು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ನೆನಪಾಯಿತು. 300 ವ್ಯಾಟ್, ಒಳಗೆ 14 ವಾಲ್ವು, ಹೆಡ್ ಒಂದೇ ಸುಮಾರು 40 ಕೆಜಿ. ಕೆಳಗೆ ಹತ್ತಿಂಚಿನ ಎಂಟು ಸ್ಪೀಕರಿನ ಕಪಾಟು. ಅದರ ದನಿ ಇದಕ್ಕೆ ಬರಲ್ಲ, ಒಪ್ಪುತ್ತೀನಿ. ಆದರೆ ನಮ್ಮ ತಂಡದಲ್ಲಿ ಲಗೇಜ್ ಹೊರೋನು ನಾನೇ.

ಈ ಹೆಡ್ಡಿನ ಮೇಲೂ 300 ವ್ಯಾಟ್ ಅಂತ ಬರೆದಿದೆ. ಅದು ಸ್ಪೀಕರಿನ ವಿದ್ಯುತ್ ತಡೆ 4 ಓಮ್ ಇದ್ದರೆ. ನನಗೆ ಸಿಕ್ಕ ಹದಿನೈದು ಇಂಚಿನ ಕ್ಯಾಬಿನೆಟ್ 8 ಓಮ್, ಅಲ್ಲಿ ಸಿಗೋದು 180. ಹತ್ತಿರ ಹತ್ತಿರ ಅರ್ಧ ಹೋಯ್ತಲ್ಲಾ ಅಂತ ಬೇಜಾರಾಯಿತು. ಕೂತು ಲೆಕ್ಕ ಹಾಕಿದರೆ ವ್ಯತ್ಯಾಸ ಎರಡು ಡೆಸಿಬೆಲ್ ಚಿಲ್ಲರೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ವ್ಯಾಟು ಹತ್ತರಷ್ಟು ಆಗಬೇಕು. ಮುಂದೆ ಇನ್ನೊಂದು 8 ಓಮಿನ ಕ್ಯಾಬಿನೆಟ್ ಸಿಕ್ಕರೆ ಎರಡನ್ನೂ ಪ್ಯಾರಲಲ್ ಆಗಿ ಜೋಡಿಸಿದರೆ 4 ಓಮ್ ಆಗುತ್ತೆ. ಆಗ ಪೂರ್ತಿ ವ್ಯಾಟೂ ಸಿಗುತ್ತೆ, ಗಾಳಿ ತಳ್ಳೋ ಸ್ಪೀಕರೂ ಎರಡಾಗುತ್ತೆ.

ಆಗಸ್ಟ್ 17

ಮಾಸ್ಟ್ರ ಮನೆ ಮಹಡಿಯಲ್ಲಿ ಮೊದಲ ಪ್ರಾಕ್ಟೀಸ್. ಮೇಲೆ ತಗಡಿನ ಶೀಟು, ಅದರ ಮೇಲೆ ಮಳೆ.

ಬೇಸ್ ನಾಬನ್ನು ಎರಡು ಗಂಟೆ ಮುಳ್ಳಿಗೆ ತಿರುಗಿಸಿ ನುಡಿಸಿದೆ. ಶೀಟು ನಡುಗಿತು. ಆದರೆ ಯಾವ ಸ್ವರ ಅಂತ ಯಾರಿಗೂ ಗೊತ್ತಾಗಲಿಲ್ಲ. ಮಾಸ್ಟ್ರು "ಲಾರಿ ನಿಂತಿದೆಯೇನೋ ಹೊರಗೆ" ಅಂದರು. ಅವಮಾನ ನುಂಗಿಕೊಂಡು ಬೇಸನ್ನು ನೇರ ಗೆರೆಗಿಂತ ಕೆಳಗೆ ಇಳಿಸಿದೆ, ಮಿಡ್ (ನಡುವಿನ ಸ್ವರ) ಏರಿಸಿದೆ. ಅಲ್ಲಿಂದ ಪ್ರತಿ ಸ್ವರ ಬೇರೆ ಬೇರೆ ಕೇಳಿಸಿತು. ಕೆಳಗಿನ 41 ಹರ್ಟ್ಸನ್ನು ಸಣ್ಣ ಸ್ಪೀಕರ್ ಹೇಗೂ ಸರಿಯಾಗಿ ಕೊಡಲ್ಲ. ಅದರ ಮೇಲಿನ 82, 123ರ ಸ್ವರಾಂಶ ಕೇಳಿದರೆ ಸಾಕು, ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತೆ. ಅಷ್ಟು ಕೆಳಗೆ ಆಕ್ಟೋಪ್ಯಾಡಿನ ಕಿಕ್ಕಿಗೆ (ದೊಡ್ಡ ಡ್ರಮ್ಮಿನ ಸದ್ದು) ಜಾಗ ಬಿಟ್ಟರೆ ಅದೂ ಖುಷಿಯಾಗಿರುತ್ತೆ.

ಬೇಸ್ ಇಳಿಸಿದ ಮೇಲೆ ಬೇಸ್ ಕೇಳಿಸಿತು ಅಂದ್ರೆ ಮನೆಯಲ್ಲಿ ಯಾರೂ ನಂಬುತ್ತಿಲ್ಲ.

ಆಗಸ್ಟ್ 31

ನಿನ್ನೆ ಕಾರ್ಯಕ್ರಮ ಮುಗಿಯಿತು. ಪೆಂಡಾಲಿನ ಹಿಂದೆ ಜನರೇಟರ್, ಸ್ಟೇಜಿನ ಮೇಲೆ ಒದ್ದೆ ಜಮಖಾನ, ತುಂತುರು ಮಳೆ.

ಗಿಟಾರಿನಿಂದ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸೋ ಪೆಟ್ಟಿಗೆ), ಅಲ್ಲಿಂದ ಒಂದು ದಾರಿ ಮಿಕ್ಸರಿಗೆ, ಒಂದು ನನ್ನ ಆಂಪಿಗೆ. ಜೋಡಿಸಿದ ಕೂಡಲೇ ಗುಂಯ್! ಎರಡು ತಿಂಗಳ ಬೆಸುಗೆ ಎಲ್ಲ ನೀರಲ್ಲಿ ಹೋಮ ಅನ್ನಿಸಿತು. ಸೌಂಡ್ ಹುಡುಗ ಓಡಿ ಬಂದು "ಆಂಪಿನ ಮೂರನೇ ಪಿನ್ ಕಿತ್ತುಬಿಡಿ ಸರ್, ನಾವು ಯಾವಾಗಲೂ ಹಾಗೇ ಮಾಡೋದು" ಅಂದ. ಆಗಲ್ಲ ಅಂದೆ. ನಾನೇ ವೈರು ಎಳೆದು ತಂತಿಗಳನ್ನು ಗ್ರೌಂಡಿಗೆ ಸೇರಿಸಿದ್ದೀನಿ. ಆಂಪಿನಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಆ ಕರೆಂಟು ಮೂರನೇ ಪಿನ್ನಿನ, ಅಂದ್ರೆ ಅರ್ಥಿಂಗಿನ, ದಾರಿ ಬಿಟ್ಟು ನನ್ನ ಹತ್ತು ಬೆರಳಿನ ದಾರಿ ಹಿಡಿಯುತ್ತೆ. ಕಾಲಡಿ ಒದ್ದೆ ಜಮಖಾನ ಬೇರೆ.

ಗುಂಯ್‌ಗೆ ಕಾರಣ ಗಿಟಾರಲ್ಲ. ಮಿಕ್ಸರ್ ಒಂದು ಲೈನಿನಲ್ಲಿ, ನನ್ನ ಆಂಪು ಇನ್ನೊಂದರಲ್ಲಿ. ಎರಡರ ಅರ್ಥಿಂಗ್ ಸೇರಿ ಸಿಗ್ನಲ್ ಕೇಬಲಿನಲ್ಲಿ ಉಂಗುರ ಕಟ್ಟಿತ್ತು. ಡಿಐ ಬಾಕ್ಸಿನ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಚಿಕ್ಕ ಸ್ವಿಚ್ ಇರುತ್ತೆ. ಅದು ಸಿಗ್ನಲ್ಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತೆ, ಕರೆಂಟಿನದನ್ನು ಮುಟ್ಟಲ್ಲ. ಪೆನ್ನಿನ ತುದಿಯಲ್ಲಿ ಒತ್ತಿದೆ. ಟಕ್. ಸದ್ದು ನಿಂತಿತು. ಹುಡುಗ ಬಗ್ಗಿ ಆ ಸ್ವಿಚ್ಚನ್ನು ಮೊಬೈಲಲ್ಲಿ ಫೋಟೋ ತೆಗೆದುಕೊಂಡ.

ಹದಿನೆಂಟು ಹಾಡು ನುಡಿಸಿದೆವು. ಜಿ ಮೇಜರಿನ ಐದೂ ಸಲೀಸಾಗಿ ಹೋದವು. ಒಂದು ಹಾಡಿನಲ್ಲಿ ಮಾಸ್ಟ್ರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ಅವರ ಲೆಕ್ಕದಲ್ಲಿ ಅದು ಹಾರ ತುರಾಯಿ. ಮುಂದಿನ ಸಾಲಿನ ಒಬ್ಬ ಹುಡುಗ ಮಾತ್ರ ಪೂರ್ತಿ ಹೊತ್ತು ಗಿಟಾರಿನ ತಲೆಯನ್ನೇ ನೋಡುತ್ತಿದ್ದ. ಆಮೇಲೆ ಹತ್ತಿರ ಬಂದು "ಅಂಕಲ್, ಅದು ಯಾವ ಕಂಪನಿ ಪಾರ್ಟು?" ಅಂತ ಕ್ಲ್ಯಾಂಪ್ ತೋರಿಸಿದ.

ಬಾಕಿ ಇರೋದು: ತಾಮ್ರದ ಟೇಪು, ಬಿಡಿಯಾಗಿ ಒಂದು ಜಿ ತಂತಿ, ಎರಡನೇ ಕ್ಯಾಬಿನೆಟ್. ಬಿ ಸ್ವರದ ಸಾವಿಗೆ ಇನ್ನೂ ಮದ್ದು ಸಿಕ್ಕಿಲ್ಲ. ಬಡಗಿ ಕ್ಲ್ಯಾಂಪ್ ವಾಪಸ್ ಕೇಳಿ ಎರಡು ಸಲ ಫೋನ್ ಮಾಡಿದ್ದಾರೆ. ಅದನ್ನು ಕೊಟ್ಟರೆ ಸಿ ಮತ್ತೆ ಸಾಯುತ್ತೆ.