ಹಸಿರಾಗಿಬಿಟ್ಟ ನೇರಳೆ ಗಿಡ

ನನಗೆ ನೇರಳೆ ಎಲೆಯ ಗಿಡದ ಆಸೆ ಹುಟ್ಟಿದ್ದು ಒಂದು ಖಾಲಿ ಗೋಡೆಯಿಂದ. ಹಾಲ್‌ನ ಒಳಮೂಲೆ, ಪುಸ್ತಕದ ಕಪಾಟಿನ ಪಕ್ಕ, ಬಿಳಿ ಗೋಡೆ. ಅಲ್ಲೊಂದು ಕಡುನೇರಳೆ ಬಳ್ಳಿ ಇಳಿಬಿಟ್ಟರೆ ಎಷ್ಟು ಚೆನ್ನ ಅಂತ ದಿನಾ ಅನ್ನಿಸುತ್ತಿತ್ತು. ನರ್ಸರಿಗೆ ಹೋದಾಗ ಪರ್ಪಲ್ ಹಾರ್ಟ್ ಕಣ್ಣಿಗೆ ಬಿತ್ತು. ದಂಟು, ಎಲೆ, ಎಲೆಯ ಬೆನ್ನು ಎಲ್ಲವೂ ನೇರಳೆ, ತುದಿಯಲ್ಲಿ ಮೂರೇ ಎಸಳಿನ ಪುಟ್ಟ ಗುಲಾಬಿ ಹೂವು. ಎರಡನೇ ಯೋಚನೆ ಮಾಡದೆ ತಂದೆ. ಪಕ್ಕದಲ್ಲೇ ಇದ್ದ ನೇರಳೆ ಆಕ್ಸಾಲಿಸ್ ಕೂಡ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಪರ್ಪಲ್ ಹಾರ್ಟ್ ಹಸಿರಾಗಿತ್ತು. ಒಂದೇ ಸಲಕ್ಕಲ್ಲ, ನಿಧಾನಕ್ಕೆ. ಮೊದಲು ಬಣ್ಣ ಮಸುಕಾಯಿತು, ಆಮೇಲೆ ಹೊಸ ಎಲೆಗಳು ಬೂದು ಹಸಿರಾಗಿಯೇ ಬರತೊಡಗಿದವು, ಗೆಣ್ಣಿನಿಂದ ಗೆಣ್ಣಿಗೆ ಅಂತರ ಜಾಸ್ತಿಯಾಗಿ ದಂಟು ಸಣಕಲಾಗಿ ಜೋತುಬಿತ್ತು. ಗೊಬ್ಬರ ಸಾಲದು ಅಂದುಕೊಂಡು ಹಾಕಿದೆ. ಎರಡು ವಾರ ಬಿಟ್ಟು ಮತ್ತೆ ಹಾಕಿದೆ. ಬಳ್ಳಿ ಇನ್ನೂ ಉದ್ದಕ್ಕೆ ಓಡಿತು, ಇನ್ನೂ ಹಸಿರಾಯಿತು. ಆಸೆಪಟ್ಟು ತಂದ ಗಿಡ ಕಣ್ಣೆದುರೇ ಬೇರೆ ಗಿಡವಾಗಿಬಿಡುವುದನ್ನು ನೋಡಿ ನಿಜಕ್ಕೂ ಬೇಜಾರಾಗಿತ್ತು.

ಆ ಭಾನುವಾರ ಅಕ್ಕ ಬಂದಿದ್ದಳು. ಅವಳು ವರ್ಷಗಳಿಂದ ಮನೆಯೊಳಗೆ ಗಿಡ ಬೆಳೆಸಿದವಳು. ಬಂದವಳೇ ಕಪಾಟಿನ ಮುಂದೆ ನಿಂತು, "ಇದಕ್ಕೆ ಬೆಳಕು ಎಲ್ಲಿಂದ ಬರುತ್ತೆ?" ಅಂದಳು.

"ಸಂಜೆ ಲೈಟ್ ಹಾಕ್ತೀನಲ್ಲ ಅಕ್ಕ."

ಅವಳು ಏನೂ ಹೇಳದೆ ಒಂದು ದಂಟನ್ನು ಎತ್ತಿ ಹಿಡಿದಳು. ಅದು ಕಪಾಟನ್ನು ದಾಟಿ ಕಿಟಕಿಯ ಕಡೆ ಚಾಚಿಕೊಂಡಿತ್ತು. "ತುದಿ ನೋಡು" ಅಂದಳು. ತುದಿಯ ಎರಡು ಎಲೆಯಲ್ಲಿ ನೇರಳೆ ಇನ್ನೂ ಉಳಿದಿತ್ತು! ಗೋಡೆಯ ಕಡೆಯ ದಂಟುಗಳಲ್ಲಿ ಅದರ ಸುಳಿವೇ ಇರಲಿಲ್ಲ. ಒಂದೇ ಕುಂಡ, ಒಂದೇ ಮಣ್ಣು, ಒಂದೇ ಗೊಬ್ಬರ. ಬೇರೆ ಇದ್ದದ್ದು ಬೆಳಕು ಮಾತ್ರ. ಎರಡು ತಿಂಗಳು ದಿನಾ ನೋಡಿಯೂ ನಾನು ಇದನ್ನು ಗಮನಿಸಿರಲಿಲ್ಲ.

ನೇರಳೆ ಎಲೆಯಲ್ಲೂ ಹಸಿರು ಇದ್ದೇ ಇರುತ್ತದೆ, ಅದಿಲ್ಲದೆ ಗಿಡ ಆಹಾರ ಮಾಡಿಕೊಳ್ಳುವುದಾದರೂ ಹೇಗೆ? ಆ ಹಸಿರಿನ ಜೊತೆಗೆ ಆಂಥೋಸಯನಿನ್ ಅನ್ನುವ ಇನ್ನೊಂದು ಬಣ್ಣ ಸೇರಿದಾಗ ಎಲೆ ನೇರಳೆಯಾಗಿ ಕಾಣುತ್ತದೆ. ಈ ಬಣ್ಣ ಜೋರು ಬಿಸಿಲಿನಿಂದ ಎಲೆಯನ್ನು ಕಾಪಾಡುವ ಕೊಡೆಯ ಹಾಗೆ. ಬಿಸಿಲೇ ಇಲ್ಲದ ಕಡೆ ಕೊಡೆ ಯಾಕೆ ಬೇಕು? ಗಿಡ ಅದನ್ನು ಮಾಡುವುದನ್ನೇ ಕಡಿಮೆ ಮಾಡುತ್ತದೆ, ಸಿಕ್ಕ ಚೂರು ಬೆಳಕನ್ನೂ ಹಸಿರಿಗೇ ಬಿಟ್ಟುಕೊಡುತ್ತದೆ. ಅಂದರೆ ನನ್ನ ಗಿಡಕ್ಕೆ ರೋಗವೇನೂ ಬಂದಿರಲಿಲ್ಲ. ನಾನಿಟ್ಟ ಜಾಗದಲ್ಲಿ ಬದುಕೋಕೆ ಅದು ತನ್ನಿಂದಾದದ್ದನ್ನು ಮಾಡುತ್ತಿತ್ತು, ಅಷ್ಟೇ. ನಾನು ಹಾಕಿದ ಗೊಬ್ಬರದಲ್ಲಿ ಸಾರಜನಕ ಜಾಸ್ತಿ ಇತ್ತು, ಅದು ಬಳ್ಳಿಯನ್ನು ಇನ್ನಷ್ಟು ಓಡಿಸಿತ್ತು.

ಮಧ್ಯಾಹ್ನ ಅಕ್ಕ ನನಗೊಂದು ಕೆಲಸ ಹೇಳಿಕೊಟ್ಟಳು. ಲೈಟೆಲ್ಲ ಆರಿಸಿ, ಗಿಡ ಇಡಬೇಕೆಂದಿರುವ ಜಾಗಕ್ಕೆ ಹೋಗಿ, ಗೋಡೆಯಿಂದ ಒಂದಡಿ ದೂರ ಕೈ ಹಿಡಿಯುವುದು. ಬೆರಳು ಬೆರಳು ಎಣಿಸುವಷ್ಟು ಸ್ಪಷ್ಟ ನೆರಳು ಬಿದ್ದರೆ ಒಳ್ಳೆಯ ಬೆಳಕು. ಅಂಗೈಯ ಆಕಾರ ಮಾತ್ರ ಮಸುಕಾಗಿ ಕಂಡರೆ ಮಧ್ಯಮ. ನೆರಳೇ ಬೀಳದಿದ್ದರೆ ಅಲ್ಲಿ ನೇರಳೆ ಎಲೆ ಇಡುವ ಆಸೆ ಬಿಡಬೇಕು. ನನ್ನ ಪ್ರೀತಿಯ ಬಿಳಿ ಗೋಡೆಯ ಮೇಲೆ ನೆರಳು ಅನ್ನುವುದು ಬೀಳಲೇ ಇಲ್ಲ. ಪೂರ್ವದ ಕಿಟಕಿಯ ಹತ್ತಿರ ಐದೂ ಬೆರಳು ಕಂಡವು.

ಪರ್ಪಲ್ ಹಾರ್ಟನ್ನು ಆವತ್ತೇ ಕಿಟಕಿಗೆ ಒಯ್ಯಲು ಹೊರಟೆ. ಅಕ್ಕ ತಡೆದಳು. ನೆರಳಲ್ಲಿ ಬಂದ ಎಲೆ ತೆಳು, ಏಕಾಏಕಿ ಬಿಸಿಲಿಗೆ ಒಡ್ಡಿದರೆ ಸುಟ್ಟು ಕಂದುಬಣ್ಣದ ಕಲೆ ಬೀಳುತ್ತದೆ. ಹಾಗಾಗಿ ಮೊದಲ ವಾರ ಕಿಟಕಿಯಿಂದ ನಾಲ್ಕಡಿ ದೂರ, ಎರಡನೇ ವಾರ ಎರಡಡಿ, ಆಮೇಲೆ ಕಿಟಕಿಯ ಪಕ್ಕಕ್ಕೆ. ಸಣಕಲು ದಂಟುಗಳನ್ನು ಕತ್ತರಿಸಿದೆವು. ಒಂದೊಂದು ತುಂಡಿಗೂ ಎರಡು ಮೂರು ಗೆಣ್ಣು ಇರಬೇಕು, ಬೇರು ಬರುವುದು ಅಲ್ಲಿಂದಲೇ. ಗಾಜಿನ ಲೋಟದ ನೀರಲ್ಲಿ ನಿಲ್ಲಿಸಿದ್ದಕ್ಕೆ ಒಂದು ವಾರದಲ್ಲಿ ಬಿಳಿ ಬೇರು ಕಂಡಿತು. ಕತ್ತರಿಸುವಾಗ ರಸ ತಗುಲಿ ನನ್ನ ಮಣಿಕಟ್ಟು ಸ್ವಲ್ಪ ಹೊತ್ತು ತುರಿಸಿತು. ಸೂಕ್ಷ್ಮ ಚರ್ಮದವರು ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು.

ಆಕ್ಸಾಲಿಸ್ ಕಥೆ ಇನ್ನೂ ಬಾಕಿ ಇತ್ತು. ಅದು ಹಿಂದಿನ ತಿಂಗಳೇ ಹಳದಿಯಾಗಿ, ಬಾಡಿ, ನೆಲಕ್ಕೊರಗಿತ್ತು. ಕುಂಡವನ್ನು ಎಸೆಯೋಕೆಂದು ಬಾಗಿಲ ಹಿಂದೆ ಇಟ್ಟಿದ್ದೆ. ಅಕ್ಕ ಒಣಮಣ್ಣಿನೊಳಗೆ ಬೆರಳು ಹಾಕಿ ಕೆದಕಿ, ಏನನ್ನೋ ತೆಗೆದು ನನ್ನ ಅಂಗೈಗೆ ಹಾಕಿದಳು. ಕಂದುಬಣ್ಣದ ಪುಟ್ಟ ಗಡ್ಡೆ, ಮೈತುಂಬ ಹುರುಪೆ, ಗಟ್ಟಿಮುಟ್ಟಾಗಿತ್ತು. "ಸತ್ತಿಲ್ಲ ಕಣೇ, ಮಲಗಿದೆ" ಅಂದಳು. ಆ ಗಡ್ಡೆಯನ್ನು ಹಿಡಿದು ನಿಂತಾಗ ಆದ ಸಂತೋಷ ಹೇಳೋಕೆ ಬರಲ್ಲ. ಕುಂಡ ಪೂರ್ತಿ ಕೆದಕಿದರೆ ಅಂಥವು 14 ಇದ್ದವು. ಈ ಗಿಡ ಆಗಾಗ ಎಲೆ ಉದುರಿಸಿ ವಿಶ್ರಾಂತಿಗೆ ಹೋಗುತ್ತದೆ. ಆಗ ನೀರು ನಿಲ್ಲಿಸಿ ಕೆಲವು ವಾರ ಸುಮ್ನೆ ಬಿಡಬೇಕು. ಒಣಗಿತಲ್ಲ ಅಂತ ನೀರು ಸುರಿದರೆ ಗಡ್ಡೆ ಕೊಳೆತೇ ಹೋಗುತ್ತದೆ. ಇನ್ನೊಂದು ಮಾತು, ಆಕ್ಸಾಲಿಸ್ ತಿಂದರೆ ಬೆಕ್ಕು ನಾಯಿಗಳಿಗೆ ಒಳ್ಳೆಯದಲ್ಲ. ಸಾಕುಪ್ರಾಣಿ ಇರುವ ಮನೆಯಲ್ಲಿ ಎಟುಕದ ಹಾಗೆ ಎತ್ತರದಲ್ಲಿಡಿ.

ಸಂಜೆ ತನಕ ಗಿಡದ ಮಾತೇ ಮಾತು. ಅಕ್ಕನಿಗೆ ಎಲ್ಲಕ್ಕಿಂತ ಇಷ್ಟ ಗೈನುರಾ. ಅದರ ಎಲೆ ಹಸಿರೇ, ಮೇಲಿನ ನವಿರು ರೋಮ ಮಾತ್ರ ನೇರಳೆ, ಮುಟ್ಟಿದರೆ ಮಖಮಲ್ಲು. ಎಳೆ ಎಲೆಯಲ್ಲೇ ಬಣ್ಣ ಚೆನ್ನ, ಆದ್ದರಿಂದ ತುದಿ ಚಿವುಟುತ್ತಾ ಇರಬೇಕು. ಕಿತ್ತಳೆ ಬಣ್ಣದ ಹೂವು ಬಿಡುತ್ತದೆ, ವಾಸನೆ ಕೆಟ್ಟದು, ಮೊಗ್ಗಲ್ಲೇ ತೆಗೆದುಬಿಡುತ್ತಾಳಂತೆ. ರೆಕ್ಸ್ ಬಿಗೋನಿಯಾ ನನಗೂ ಇಷ್ಟ. ಆದರೆ ಅದಕ್ಕೆ ತೇವದ ಗಾಳಿ ಬೇಕು, ಎಲೆ ಮೇಲೆ ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಸದ್ಯಕ್ಕೆ ಬೇಡ ಅನ್ನಿಸಿತು.

ಹಾಗಾದರೆ ಆ ಬಿಳಿ ಗೋಡೆ? ಅಲ್ಲಿ ಏನನ್ನಿಟ್ಟರೂ ನಡೆಯಲ್ಲ ಅಂತ ನಾನು ಒಪ್ಪಿಕೊಂಡಿದ್ದೆ, ಅಕ್ಕ ಒಪ್ಪಲಿಲ್ಲ. ಕಪಾಟನ್ನು ಎರಡಡಿ ಈಚೆಗೆ ಎಳೆದು ಮತ್ತೆ ಕೈ ಹಿಡಿದು ನೋಡಿದೆವು, ಮಸುಕು ನೆರಳು ಬಿತ್ತು. ಅಷ್ಟು ಬೆಳಕಿಗೆ ಕಲಾಥಿಯಾ ಸಾಕು ಅಂದಳು. ಅದರಲ್ಲಿ ಕೆಲವು ಬಗೆಯ ಎಲೆ ಮೇಲೆ ಹಸಿರು, ಬೆನ್ನು ಮಾತ್ರ ನೇರಳೆ. ಕಣ್ಣಿಗಿಂತ ಎತ್ತರದ ಹಲಗೆಯ ಮೇಲಿಟ್ಟರೆ ಕೆಳಗಿನಿಂದ ನೋಡುವವರಿಗೆ ಕಾಣುವುದು ಬೆನ್ನೇ, ಅಲ್ವಾ? ಮುಂದಿನ ವಾರವೇ ಒಂದನ್ನು ತಂದು ಮೇಲಿನ ಹಲಗೆಯಲ್ಲಿಟ್ಟೆ. ಕುರ್ಚಿಯಲ್ಲಿ ಕೂತರೆ ನಾನು ಬಯಸಿದ್ದ ನೇರಳೆಯೇ ಕಾಣುತ್ತದೆ.

ಸುಮಾರು 20 ದಿನಕ್ಕೆ ಆಕ್ಸಾಲಿಸ್ ಕುಂಡದಲ್ಲಿ ಮೊದಲ ಚಿಗುರು ಬಂತು, ಮಡಚಿದ ಕೊಡೆಯಂತೆ. ಬಿಚ್ಚಿಕೊಂಡ ಮೇಲೆ ಅದರ ಮೂರೂ ಎಲೆ ಪ್ರತಿ ರಾತ್ರಿ ಕೆಳಕ್ಕೆ ಮಡಚಿಕೊಳ್ಳುತ್ತವೆ, ಬೆಳಕು ಬಂದರೆ ಬಿಡಿಸಿಕೊಳ್ಳುತ್ತವೆ. ಬೇಗ ಎದ್ದ ದಿನ ಅದನ್ನು ನೋಡುತ್ತಾ ಕೂರುತ್ತೇನೆ.

ಪರ್ಪಲ್ ಹಾರ್ಟ್ ಈಗ ಪೂರ್ವದ ಕಿಟಕಿಯಲ್ಲಿದೆ. ಹಸಿರಾಗಿದ್ದ ಹಳೆ ಎಲೆಗಳು ಅಷ್ಟೇನೂ ಬದಲಾಗಲಿಲ್ಲ, ಆದರೂ ಅವನ್ನು ಕೀಳೋಕೆ ನನಗೆ ಮನಸ್ಸು ಬರಲಿಲ್ಲ. ಒಂದೇ ದಂಟಿನಲ್ಲಿ ಬುಡಕ್ಕೆ ಹಸಿರು, ನಡುವೆ ಬೂದು, ತುದಿಯಲ್ಲಿ ಕಡುನೇರಳೆ. ನಿನ್ನೆ ಅಲ್ಲೊಂದು ಗುಲಾಬಿ ಮೊಗ್ಗು ಕಂಡೆ.