ಹಡಗಿನ ಮೇಲೆ ಕುಸುರೆಳ್ಳು

ಸಂಕ್ರಾಂತಿಗೆ ವಿಜಯಪುರದವರು ಊರು ಬಿಟ್ಟು ಹೋಗುವುದಿಲ್ಲ. ಹೊರಗಿದ್ದವರೂ ಊರಿಗೆ ಬರುತ್ತಾರೆ. ಸಿದ್ಧೇಶ್ವರ ಜಾತ್ರೆ ನಡೆಯುವುದೇ ಆಗ. ನಂದಿಕೋಲು ಹೊರಡುತ್ತವೆ, ಮದ್ದು ಸುಡುತ್ತಾರೆ, ಗುಡಿ ಕಡೆಗೆ ಹೋದರೆ ಕಾಲಿಡಲು ಜಾಗ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ನಾವು ಸಿಂಗಾಪುರಕ್ಕೆ ಹೋಗಿ ಕ್ರೂಸ್ ಹತ್ತಿದೆವು ಅಂತ ನಮ್ಮ ಓಣಿಯವರಿಗೆ ಇನ್ನೂ ಸಿಟ್ಟಿದೆ. ಕಾರಣ ಇಷ್ಟೇ. ಹಬ್ಬದ ವಾರ ನಮ್ಮ ಕಡೆಯವರು ಯಾರೂ ಬರಲ್ಲ ಅಂತ ಟೂರಿನವರು ರೇಟು ಇಳಿಸಿದ್ದರು. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ರೇಟು ಇಳಿದಿದೆ ಅಂದರೆ ಅವರನ್ನು ಹಿಡಿಯೋದು ಕಷ್ಟ.

2024ರ ಜನವರಿ 12, ಶುಕ್ರವಾರ ಹಡಗು ಬಿಟ್ಟಿತು. ಮೊದಲು ಪೆನಾಂಗ್, ಆಮೇಲೆ ಫುಕೆಟ್, ಮತ್ತೆ ಸಿಂಗಾಪುರ. ಆ ವರ್ಷ ಸಂಕ್ರಾಂತಿ 15ಕ್ಕೆ ಬಂದಿತ್ತು. ಅವತ್ತು ಹಡಗು ಎಲ್ಲೂ ನಿಲ್ಲುವುದಿಲ್ಲ, ಇಡೀ ದಿನ ನೀರಿನ ಮೇಲೆ. ನಮ್ಮ ಗುಂಪಿನಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆಯವರಿದ್ದರು. ಹೆಚ್ಚಿನವರು ನಮ್ಮ ವಯಸ್ಸಿನವರೇ. ಮೊಣಕಾಲು ನೋವು, ಮೊಮ್ಮಕ್ಕಳ ಫೋಟೋ, ಈ ಸಲದ ಕಬ್ಬಿನ ರೇಟು. ಇಷ್ಟು ಮಾತಾಡುವಷ್ಟರಲ್ಲಿ ಅರ್ಧ ಪರಿಚಯ ಆಗಿಬಿಟ್ಟಿತ್ತು.

ಕ್ರೂಸಿನಲ್ಲಿ ಹಬ್ಬ ಮಾಡೋದು ಅಂದುಕೊಂಡಷ್ಟು ಸುಲಭ ಅಲ್ಲ. ಮನೆಯಲ್ಲಿ ಮಾಡಿದ ಅಡುಗೆ ಒಳಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಪ್ಯಾಕೆಟ್ಟಿನ ತಿಂಡಿ ಆದರೆ ನಡೆಯುತ್ತದೆ. ದೀಪ ಹಚ್ಚುವಂತಿಲ್ಲ, ಊದಿನಕಡ್ಡಿ ಇಲ್ಲ. ಇಸ್ತ್ರಿ ಪೆಟ್ಟಿಗೆ ಕೂಡ ತಗೊಂಡು ಇಟ್ಟುಕೊಳ್ಳುತ್ತಾರೆ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಜಾಗ ಎಲ್ಲಿದೆ, ಅವರ ಭಯವೂ ನಿಜವೇ. ನಮ್ಮತ್ತೆ ಕೈಯಾರೆ ಮಾಡಿದ್ದ ಮಾದಲಿ ಡಬ್ಬಿ ಸ್ಕ್ಯಾನಿಂಗ್ ಮಷಿನ್ ದಾಟಲಿಲ್ಲ. ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಎಳ್ಳಿಗೆ ಸಕ್ಕರೆ ಪಾಕ ಹಿಡಿಸಿದ ಕುಸುರೆಳ್ಳು ಎಲ್ಲ ಅಂಗಡಿಯ ಪ್ಯಾಕೆಟ್ಟಿನವು, ಅವು ಪಾರಾದವು. ನಮ್ಮ ಬಿಸಿಲು ನಾಡಿನ ಹಬ್ಬದ ಊಟಕ್ಕೆ ಇದೊಂದು ಗುಣ ಇದೆ ನೋಡಿ. ಒಣಗಿದ್ದು ಜಾಸ್ತಿ, ಕೆಡೋದು ಕಡಿಮೆ. ಶೇಂಗಾ ಹೋಳಿಗೆ ಒಂದು ವಾರ ಇಟ್ಟರೂ ಏನೂ ಆಗುವುದಿಲ್ಲ. ಕಡಲೆಬೇಳೆ ಹೋಳಿಗೆಯ ಹಬ್ಬ ಆಗಿದ್ದರೆ ಏನು ಮಾಡುತ್ತಿದ್ದೆವೋ!

ಮೊದಲ ರಾತ್ರಿ ಊಟದ ಮೇಜಿನಲ್ಲಿ ಬಾಗಲಕೋಟೆಯ ಕಾಕಾ ಸುಮ್ಮನೆ ಕೂತಿದ್ದರು. ಹೈಸ್ಕೂಲ್ ಮಾಸ್ತರಾಗಿದ್ದವರು, ಸುಮ್ಮನೆ ಕೂರೋದು ಅವರ ಸ್ವಭಾವ ಅಲ್ಲ. ಯಾಕ್ರಿ ಅಂತ ಕೇಳಿದ್ದಕ್ಕೆ, "ಇವತ್ತ ಹನ್ನೆರಡನೇ ತಾರೀಖು. ಕುಮಾರ ಗಂಧರ್ವರು ಹೋದ ದಿನಾ" ಅಂದರು. ಆ ದೊಡ್ಡ ಹಿಂದೂಸ್ತಾನಿ ಗಾಯಕರು 1992ರಲ್ಲಿ ತೀರಿಕೊಂಡಿದ್ದು ಇದೇ ದಿನ. ಬೆಳಗಾವಿಯ ವೈನಿ ತಕ್ಷಣ ಚಮಚ ಕೆಳಗಿಟ್ಟರು. "ನಮ್ಮ ಸುಳೇಭಾವಿಯವರ್ರೀ ಅವರು!"

ಅಲ್ಲಿಂದ ಮಾತು ಶುರುವಾಯಿತು. ಹುಟ್ಟಿದ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ್ದು, ಅಂದರೆ ಅವತ್ತಿಗೆ ಇನ್ನು ಮೂರು ತಿಂಗಳು ಕಳೆದರೆ ನೂರು ವರ್ಷ. ಇನ್ನೂ ಚಿಕ್ಕ ಹುಡುಗ ಇದ್ದಾಗಲೇ ಸಿಕ್ಕ ಬಿರುದು ಕುಮಾರ ಗಂಧರ್ವ. ಆ ಬಿರುದೇ ಕೊನೆಗೆ ಹೆಸರಾಗಿ ಉಳಿಯಿತು. ಮುಂಬೈಯಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿತರು. ಹೆಸರು ಬರುತ್ತಿದ್ದ ಹೊತ್ತಿಗೇ ಕ್ಷಯ ಹಿಡಿಯಿತು. ಒಣ ಹವೆ ಒಳ್ಳೆಯದು ಅಂತ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಬೇಡಿ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ವರ್ಷಗಟ್ಟಲೆ ಹಾಸಿಗೆ. ಆಮೇಲೆ ಸ್ಟ್ರೆಪ್ಟೊಮೈಸಿನ್ ಬಂತು, ಅವರೂ ಎದ್ದರು. ಆದರೆ ಒಂದು ಶ್ವಾಸಕೋಶ ಹಾಳಾಗಿಹೋಗಿತ್ತು.

"ಒಂದ ಪುಪ್ಪಸದ ಮ್ಯಾಲೆ ಹಾಡಿದ್ರು" ಅಂದರು ಕಾಕಾ. "ಉದ್ದಕ ಎಳೀಲಿಕ್ಕೆ ಉಸರು ಸಾಲಂಗಿಲ್ಲ. ಅದಕ್ಕ ಸಣ್ಣ ಸಣ್ಣ ತಾನು. ಒಮ್ಮೆ ಒಗದ್ರಂದ್ರ ಎದಿಗೇ ಬಂದು ಬಡೀತಿತ್ತು."

ಹಾಸಿಗೆಯ ಮೇಲೆ ಮಲಗಿದ್ದಾಗ ಮಾಳವದ ಹೆಂಗಸರ ಹಾಡು, ಭಿಕ್ಷೆಗೆ ಬರುವವರ ಭಜನೆ ಅವರ ಕಿವಿಗೆ ಬಿದ್ದವು. ಆಮೇಲೆ ಆ ಜಾನಪದವನ್ನೂ ಕಬೀರನ ನಿರ್ಗುಣಿ ಭಜನೆಗಳನ್ನೂ ಅವರು ದೊಡ್ಡ ವೇದಿಕೆಗೆ ತಂದರು. ವೈನಿಗೆ ಇದೇ ಒಂದು ತಕರಾರು. "ನಮ್ಮ ಕನ್ನಡ ಮನಿ ಹುಡುಗ. ಹೋಗಿ ಅಲ್ಲೀ ಹಾಡ ತನ್ನವು ಮಾಡಿಕೊಂಡ. ಇಲ್ಲೇ ಇದ್ದಿದ್ರ ನಮ್ಮ ಹಂತಿ ಪದ ಹಾಡ್ತಿದ್ದಿಲ್ಲೇನು?" ಕಾಕಾ ಉತ್ತರ ಹುಡುಕುತ್ತಿದ್ದರು. ನನಗಂತೂ ವೈನಿ ಮಾತಿನಲ್ಲಿ ಹುರುಳಿದೆ ಅನಿಸಿತು.

ಅಷ್ಟರಲ್ಲಿ ನಮ್ಮತ್ತೆ ಬಾಯಿ ಹಾಕಿದರು. "ನಂಗ ಈ ಆಲಾಪ ತಿಳಿಯಂಗಿಲ್ಲವಾ. ನಂಗ ಗೊತ್ತಿದ್ದಾಕಿ ಅಮೀರಬಾಯಿ." ಅಮೀರ್‌ಬಾಯಿ ಕರ್ನಾಟಕಿ ಬೀಳಗಿಯವರು. ಈಗ ಅದು ಬಾಗಲಕೋಟೆ ಜಿಲ್ಲೆ, ಆಗ ಎಲ್ಲ ವಿಜಾಪುರ ಜಿಲ್ಲೆಯೇ. 1943ರ ಕಿಸ್ಮತ್ ಸಿನಿಮಾದಲ್ಲಿ ಹಾಡಿದವರು. ಆ ಸಿನಿಮಾ ಕಲ್ಕತ್ತದ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷ ದಾಟಿ ಓಡಿತು. ನಮ್ಮೂರಿನಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಇತ್ತಲ್ಲ, ನಮ್ಮತ್ತೆಗೆ ಸಂಗೀತ ಅಂದರೆ ಅದೇ. ಮದುವೆಯಾದ ಹೊಸದರಲ್ಲಿ ಮಾವನವರು ಕರೆದುಕೊಂಡು ಹೋಗಿದ್ದು ಅಲ್ಲಿಗಂತೆ. ಯಾವ ಸಿನಿಮಾ ಅಂತ ಕೇಳಿದರೆ ನೆನಪಿಲ್ಲ. ಶೇಂಗಾ ತಿಂದಿದ್ದು ಮಾತ್ರ ನೆನಪಿದೆ.

ಬೀಳಗಿ ಯಾರದು, ಸುಳೇಭಾವಿ ಯಾರದು ಅಂತ ಜಗಳ ಐಸ್‌ಕ್ರೀಮ್ ಬರುವ ತನಕ ನಡೆಯಿತು.

ಮರುದಿನ ಪೆನಾಂಗಿನಲ್ಲಿ ಇಳಿದೆವು. ಜಾರ್ಜ್‌ಟೌನಿನ ಲಿಟಲ್ ಇಂಡಿಯಾದಲ್ಲಿ ಪೊಂಗಲ್ ಸಂತೆ. ತಮಿಳರ ಅಂಗಡಿಗಳ ಮುಂದೆ ಕಬ್ಬು, ಹಸಿ ಅರಿಶಿನದ ಗಿಡ, ಮಣ್ಣಿನ ಗಡಿಗೆ. ನಮ್ಮವರಿಗೆ ಕಬ್ಬು ಕಂಡದ್ದೇ ತಡ, ಎಲ್ಲರೂ ಅದರ ಸುತ್ತ ನಿಂತುಬಿಟ್ಟರು. ಕಬ್ಬನ್ನು ಹಡಗಿಗೆ ಒಯ್ಯಲು ಬಿಡುವುದಿಲ್ಲ, ಅದಕ್ಕೆ ಅಲ್ಲೇ ಹಲ್ಲಿದ್ದವರು ಸಿಗಿದು ತಿಂದರು, ಇಲ್ಲದವರು ಕಬ್ಬಿನ ಹಾಲು ಕುಡಿದರು. ಅರಿಶಿನ ಕುಂಕುಮದ ಪ್ಯಾಕೆಟ್ ಅಲ್ಲೇ ತಗೊಂಡೆವು. ಫುಕೆಟ್ ಬಗ್ಗೆ ಹೇಳೋದು ಏನೂ ಇಲ್ಲ. ಬಿಸಿಲು, ಬಸ್ಸು, ಬೀಚು. ಬಸ್ಸಿನಲ್ಲಿ ಕಿಟಕಿ ಸೀಟಿಗೆ ನಮ್ಮ ಯಜಮಾನರಿಗೂ ಬಾಗಲಕೋಟೆ ಕಾಕಾಗೂ ಮಾತಾಯಿತು. ಇಬ್ಬರೂ ರಾತ್ರಿ ಬೇರೆ ಬೇರೆ ಮೇಜಿನಲ್ಲಿ ಊಟ ಮಾಡಿದರು. ಅರವತ್ತು ದಾಟಿದ ಗಂಡಸರು!

ಅವತ್ತು ಭೋಗಿ. ಊರಲ್ಲಾದರೆ ಬೆಳಗ್ಗೆಯಿಂದ ಒಲೆ ಮುಂದೆ. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿಯಬೇಕು, ಬದನೆಕಾಯಿ ತುಂಬಬೇಕು, ಅವರೆಕಾಯಿ, ಗಜ್ಜರಿ, ಹಸಿ ಕಡಲೆ ಹಾಕಿ ಪಲ್ಯ ಮಾಡಬೇಕು. ಸಂಕ್ರಾಂತಿ ದಿನ ಅದನ್ನೆಲ್ಲ ಕಟ್ಟಿಕೊಂಡು ಹೊಳೆ ದಂಡೆಗೆ ಹೋಗಬೇಕು. ಉಳಿದವರೆಲ್ಲ ಉಂಡ ಮೇಲೆ ನಾವು ಕೂರಬೇಕು. "ಒಲಿ ಇಲ್ಲದ ಸಂಕ್ರಾಂತಿ ಹ್ಯಾಂಗ ಅಕ್ಕೈತಿ?" ಅಂತ ನಮ್ಮತ್ತೆ ಎರಡು ದಿನ ಒಂದೇ ಸಮ ಕೇಳುತ್ತಿದ್ದರು. ವೈನಿ ಅದಕ್ಕೆ, "ಅತ್ತ್ಯಾರ, ಒಂದು ವರ್ಷ ಕೂತು ಮಾಡೂಣು ಬಿಡ್ರಿ" ಅಂದರು. ನನಗೆ ಆ ಮಾತು ಬಹಳ ಸೇರಿತು. ನಾನು ಮದುವೆಯಾಗಿ ಬಂದ ಮೇಲೆ ಕೂತು ಮಾಡಿದ ಸಂಕ್ರಾಂತಿ ಅದೊಂದೇ.

ಹಬ್ಬದ ಬೆಳಗ್ಗೆ ನಮ್ಮತ್ತೆ ಪ್ಯಾಕೆಟ್ಟಿನ ಎಳ್ಳು ಒದ್ದೆ ಮಾಡಿ ಮೈಗೆ ತಿಕ್ಕಿಕೊಂಡು ಸ್ನಾನ ಮಾಡಿದರು. ಬಚ್ಚಲು ಎಷ್ಟು ಚಿಕ್ಕದೆಂದರೆ ತಿರುಗಿದರೆ ಗೋಡೆಗೆ ಮೊಣಕೈ ತಾಗುತ್ತದೆ. ಎಳ್ಳು ಹೋಗಿ ಪೈಪು ಕಟ್ಟಿಕೊಂಡರೆ ದಂಡ ಹಾಕುತ್ತಾರೆ ಅಂತ ಯಜಮಾನರು ಬಾಗಿಲ ಹೊರಗೆ ನಿಂತು ಕೂಗುತ್ತಿದ್ದರು. ಊರಲ್ಲಿದ್ದರೆ ಕೂಡಲಸಂಗಮಕ್ಕೆ ಹೋಗಿ ಮುಳುಗುತ್ತಿದ್ದೆ ಅಂತ ಅತ್ತೆಗೆ ಕೊರಗು. ಆಗ ಯಾರೋ ಹೇಳಿದರು, ಇಂಥ ಹಡಗಿನಲ್ಲಿ ಸಮುದ್ರದ ನೀರನ್ನೇ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆ ಅಂತ. ಅತ್ತೆ ಒಂದು ಕ್ಷಣ ಯೋಚಿಸಿದರು. "ಕೃಷ್ಣೆ, ಮಲಪ್ರಭೆ ಹೋಗಿ ಕೂಡೋದು ಎಲ್ಲಿ?" ಬಂಗಾಳ ಕೊಲ್ಲಿ ಅಂದೆ. "ನಾವೀಗ ಎಲ್ಲಿ ಅದೀವಿ?" ಅದರ ಮಗ್ಗುಲಿನ ಅಂಡಮಾನ್ ಸಮುದ್ರ ದಾಟಿ ಮಲಕ್ಕಾ ಕಡೆ ಹೊರಟಿದ್ದೇವೆ ಅಂದೆ. "ಹಂಗಾದ್ರ ಸಂಗಮದ ನೀರೇ ಬಂದಾವು ತಗೋ" ಅಂತ ಹಣೆಗೆ ವಿಭೂತಿ ಹಚ್ಚಿಕೊಂಡರು.

ಹೆಂಗಸರೆಲ್ಲ ಕಪ್ಪು ಸೀರೆ ಉಟ್ಟೆವು. ಸಂಕ್ರಾಂತಿಗೆ ಮಾತ್ರ ನಮ್ಮ ಕಡೆ ಕಪ್ಪಿಗೆ ಮಾನ. ವೈನಿಯದು ಇಳಕಲ್ಲಿನ ಚಂದ್ರಕಾಳಿ, ಕೆಂಪು ಸೆರಗು, ಮೇಲೆ ಗುಳೇದಗುಡ್ಡ ಖಣದ ಕುಪ್ಪಸ. ಲಿಫ್ಟಿನಲ್ಲಿ ನೋಡಿದವರೆಲ್ಲ ಫೋಟೋ ಕೇಳಿದರು. ವೈನಿ ಯಾರಿಗೂ ಇಲ್ಲ ಅನ್ನಲಿಲ್ಲ.

ಅವರ ಮಗ ಸಿಂಗಾಪುರದಲ್ಲಿ ಕೆಲಸ ಮಾಡುತ್ತಾನೆ. ಅವನೂ ಹೆಂಡತಿ, ಮಗುವನ್ನು ಕರೆದುಕೊಂಡು ನಮ್ಮ ಜೊತೆ ಹಡಗು ಹತ್ತಿದ್ದ. ಮೊಮ್ಮಗನ ತಲೆಯ ಮೇಲೆ ಹಣ್ಣು ಸುರಿದು ಕರಿ ಎರೆಯಲೇಬೇಕು ಅಂತ ವೈನಿ ಬೆಳಗಾವಿಯಿಂದಲೇ ಕುಸುರೆಳ್ಳಿನ ಕಿರೀಟ, ಸರ, ಬಾಜುಬಂದ್ ತಂದಿದ್ದರು. ಒಂದೇ ಕ್ಯಾಬಿನ್‌ನಲ್ಲಿ ನಾವೆಲ್ಲ ನುಗ್ಗಿದೆವು. ಕುಸುರೆಳ್ಳಿಗೆ ಮುಳ್ಳು ಬರಲು ಚಳಿ ಬೇಕು, ಒಣ ಹವೆ ಬೇಕು. ಇಲ್ಲಿಯ ಹವೆಯಲ್ಲಿ ಬರೀ ತೇವ. ಡಬ್ಬಿ ತೆರೆದು ಸ್ವಲ್ಪ ಹೊತ್ತಿಗೇ ಕಿರೀಟ ಅಂಟಂಟಾಗಿ ಕೂಸಿನ ಕೂದಲಿಗೆ ಹಿಡಿದುಕೊಂಡಿತು. ಬಾರಿಹಣ್ಣು, ಕಬ್ಬಿನ ತುಂಡು ಎಲ್ಲಿಂದ ತರೋದು? ಒಣದ್ರಾಕ್ಷಿ, ಚಾಕ್ಲೇಟು, ಪಾಪ್‌ಕಾರ್ನ್, ಸಿಂಗಾಪುರದ ಚಿಲ್ಲರೆ ಎಲ್ಲ ಸೇರಿಸಿ ತಲೆಯ ಮೇಲೆ ಸುರಿದೆವು. ಬ್ಯಾಟರಿ ದೀಪದಲ್ಲಿ ಆರತಿ. ಗದ್ದಲ ಕೇಳಿ ಪಕ್ಕದ ಕ್ಯಾಬಿನ್ನಿನ ಚೀನೀ ಮಕ್ಕಳು ಇಣುಕಿದರು. ಚಾಕ್ಲೇಟು ಬೀಳುವುದು ಕಂಡಿತು. ಮುಂದೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಓಣಿಯ ಹುಡುಗರಂತೆ ಒಬ್ಬರ ಮೇಲೊಬ್ಬರು ಬಿದ್ದು ಆರಿಸಿಕೊಂಡರು.

ಮಧ್ಯಾಹ್ನದ ಊಟದ ಶ್ರೇಯಸ್ಸು ಗೋವಾದ ಒಬ್ಬ ಹುಡುಗನಿಗೆ. ನಮ್ಮ ಮೇಜಿಗೆ ಬಡಿಸುತ್ತಿದ್ದವನು. ವೈನಿ ಬೆಳಗಾವಿ ಅಂದ ಕೂಡಲೇ ಅವನ ಮುಖ ಅರಳಿತು. "ನಮ್ಮನೆಗೆ ತರಕಾರಿ ಬರೋದೇ ನಿಮ್ಮೂರಿಂದ" ಅಂತ ಮರಾಠಿಯಲ್ಲಿ ಹೇಳಿದ. ಸುಳ್ಳಲ್ಲ, ಬೆಳಗಾವಿ ಲಾರಿ ಬರದಿದ್ದರೆ ಗೋವಾದಲ್ಲಿ ಅಡುಗೆ ನಿಲ್ಲುತ್ತದೆ. ಎಣ್ಣೆಗಾಯಿ ಹೇಗೆ ಮಾಡೋದು ಅಂತ ವೈನಿ ಎರಡು ದಿನ ಅವನಿಗೆ ಪಾಠ ಮಾಡಿದ್ದರು. ಅವನು ಇಂಡಿಯನ್ ಅಡುಗೆಯವರಿಗೆ ಹೇಳಿದ. ಬಂತು ನೋಡಿ. ಉದ್ದನೆಯ ಬದನೆಕಾಯಿ, ಅದರೊಳಗೆ ಶೇಂಗಾ, ಎಳ್ಳು, ಜೊತೆಗೆ ಗೋಡಂಬಿ. ಸ್ವಲ್ಪ ಸಿಹಿ. ಕಾಕಾ ತಮ್ಮ ಗುರೆಳ್ಳು ಚಟ್ನಿ ಪ್ಯಾಕೆಟ್ ಒಡೆದು ಎಲ್ಲರ ತಟ್ಟೆಗೂ ಉದುರಿಸಿದರು. ಖಡಕ್ ರೊಟ್ಟಿ ಮುರಿದು, ಮೇಲೆ ಮೊಸರು ಹಾಕಿಕೊಂಡು ತಿಂದೆವು. ಗೋಡಂಬಿ ಹಾಕಿದವರನ್ನು ಕ್ಷಮಿಸಿಬಿಟ್ಟೆ.

ಊಟ ಆದ ಮೇಲೆ ಕುಸುರೆಳ್ಳು ಹಂಚಿದೆವು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು" ಅಂತ ಚಿಕ್ಕವರು ದೊಡ್ಡವರ ಕಾಲಿಗೆ ಬಿದ್ದರು. ಯಜಮಾನರು ಎದ್ದು ಕಾಕಾ ಹತ್ತಿರ ಹೋದರು. "ತಗೋರಿ ಮಾಸ್ತರ. ನಾಳೆ ಕಿಟಕಿ ನಿಮ್ಮದು." ಕಾಕಾ, "ನಾಳೆ ಬಸ್ಸೇ ಇಲ್ಲಲ್ರೀ" ಅಂದರು. ಮೇಜಿಗೆ ಮೇಜೇ ನಕ್ಕಿತು.

ಮನೆಯಿಂದ ಡೌನ್‌ಲೋಡ್ ಮಾಡಿಕೊಂಡು ಬಂದಿದ್ದ ಕುಮಾರ ಗಂಧರ್ವರ ಕಬೀರ ಭಜನೆಯನ್ನು ಕಾಕಾ ಆಗ ಹಚ್ಚಿದರು. ಫೋನನ್ನು ಖಾಲಿ ಸ್ಟೀಲ್ ಬಟ್ಟಲಲ್ಲಿ ನಿಲ್ಲಿಸಿದರೆ ದನಿ ದೊಡ್ಡದಾಗುತ್ತದೆ ಅಂತ ಗೋವಾದ ಹುಡುಗನೇ ಬಟ್ಟಲು ತಂದುಕೊಟ್ಟ. ತಂಬೂರಿ ಶುರುವಾಯಿತು, ಆ ದನಿ ಮೇಲೆದ್ದಿತು. ಆಲಾಪ ತಿಳಿಯುವುದಿಲ್ಲ ಅಂದಿದ್ದ ನಮ್ಮತ್ತೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಸರಿಯಾಗಿ ಆಗಲೇ ಹಡಗಿನ ಮೈಕಿನಲ್ಲಿ ಬಿಂಗೋ ಆಟಕ್ಕೆ ಬನ್ನಿ ಅಂತ ಮೂರು ಭಾಷೆಯಲ್ಲಿ ಕೂಗಿದರು. ಮುಗಿಯುವ ತನಕ ಕಾಕಾ ಕಣ್ಣು ಮುಚ್ಚಿಕೊಂಡೇ ಬೈದರು. ಮತ್ತೆ ಮೊದಲಿನಿಂದ ಹಚ್ಚಿದರು.

"ಇವರ್‍ಯಾರು?" ಅಂತ ಹುಡುಗ ಕೇಳಿದ. ಬೆಳಗಾವಿಯವರು ಅಂದರು ವೈನಿ. ದೇವಾಸದವರು ಅಂದರು ನಮ್ಮ ಯಜಮಾನರು. ಕಾಕಾ ಇಬ್ಬರನ್ನೂ ತಡೆದು, "ತಮ್ಮಾ, ನಿನ್ನ ಕಾಂಟ್ರಾಕ್ಟ್ ಯಾವಾಗ ಮುಗೀತೈತಿ?" ಅಂತ ಕೇಳಿದರು. ಮಾರ್ಚ್ ಕೊನೆಗೆ ಅಂದ.

"ಏಪ್ರಿಲ್ ಎಂಟಕ್ಕ ಬೆಳಗಾವಿಗೆ ಬಾ. ಅವರು ಹುಟ್ಟಿದ ಊರು ತೋರಸ್ತೀನಿ."

"ಊರು ಆಮ್ಯಾಲೆ ತೋರಸ್ರಿ" ಅಂದರು ವೈನಿ. "ಮೊದ್ಲ ನಮ್ಮನಿಗೆ ಬರ್ಲಿ. ಗೋಡಂಬಿ ಇಲ್ಲದ ಎಣ್ಣೆಗಾಯಿ ಹ್ಯಾಂಗಿರತೈತಿ ಅಂತ ಅವಗೂ ಗೊತ್ತಾಗ್ಲಿ."